ಹಳೆಯ ಚಾಕು, ಅಡಕತ್ತರಿಗಳನ್ನು ಪಾರ್ಸೆಲ್ ಮಾಡುವುದು ಹೇಗೆ?

ತುಮಕೂರು ಜಿಲ್ಲೆಯ ಹಳೆಯ ಮನೆಗಳ ಅಟ್ಟದಲ್ಲಿ ಹಿತ್ತಾಳೆಯ ಅಡಕತ್ತರಿ, ಕಮ್ಮಾರರು ಬಡಿದು ಮಾಡಿದ ಚಾಕು, ತಾತಂದಿರ ಕಾಲದ ಮಡಚು ಚಾಕುಗಳು ಇಂದಿಗೂ ಸಿಗುತ್ತವೆ. ಅವನ್ನು ಹುಡುಕಿ ಕೊಳ್ಳುವ ಸಂಗ್ರಾಹಕರು ದೂರದ ಊರುಗಳಲ್ಲೂ ಇದ್ದಾರೆ. ಮಾತುಕತೆ, ಹಣ ಪಾವತಿ ಎಲ್ಲವೂ ಫೋನಿನಲ್ಲೇ ಸುಸೂತ್ರವಾಗಿ ಮುಗಿಯುತ್ತವೆ. ಕೆಲಸ ಕೆಡುವುದು ಪಾರ್ಸೆಲ್ ಕಟ್ಟುವಾಗ. ಚಾಕುವನ್ನು ಚರ್ಮದ ಒರೆಗೆ ತೂರಿಸಿ, ದಿನಪತ್ರಿಕೆ ಸುತ್ತಿ, ಚಪ್ಪಲಿ ಡಬ್ಬದೊಳಗಿಟ್ಟು, ಮೇಲೆ ಒಂದು ಸುತ್ತು ಕಂದು ಟೇಪು ಅಂಟಿಸಿ ತರುವವರನ್ನು ಪಾರ್ಸೆಲ್ ಕೌಂಟರಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆ ಡಬ್ಬ ಕೌಂಟರಿನಿಂದ ಚೀಲಕ್ಕೆ, ಚೀಲದಿಂದ ವಿಂಗಡಣಾ ಕೇಂದ್ರಕ್ಕೆ, ಅಲ್ಲಿಂದ ಲಾರಿಗೆ, ಕೊನೆಗೆ ಬಟವಾಡೆ ಮಾಡುವವರ ಕೈಗೆ ಹೋಗುತ್ತದೆ. ಒಳಗೇನಿದೆ ಎಂಬುದು ಇವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಪಾರ್ಸೆಲ್ ಕಟ್ಟುವವರ ಮೊದಲ ಹೊಣೆ ಆ ಕೈಗಳನ್ನು ಕಾಯುವುದು. ವಸ್ತುವಿನ ಅಂದಚೆಂದ ಅದರ ನಂತರದ್ದು.

ಮೊದಲು: ಕಳುಹಿಸಬಹುದೇ ಎಂದು ನೋಡಿ

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪುಗೊಂಡ 2016ರ ನಿಯಮಗಳು, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚಾಕು, ಕತ್ತಿ, ಬಾಕುಗಳನ್ನು ಶಸ್ತ್ರಗಳ ಪಟ್ಟಿಯಲ್ಲಿ ಇರಿಸಿವೆ. ಮನೆಗೆಲಸಕ್ಕೆ, ಬೇಸಾಯಕ್ಕೆ, ವೈಜ್ಞಾನಿಕ ಅಥವಾ ಕೈಗಾರಿಕಾ ಬಳಕೆಗೆಂದು ಮಾಡಿದ ಸಾಧನಗಳು ಆ ಪಟ್ಟಿಗೆ ಸೇರುವುದಿಲ್ಲವಾದ್ದರಿಂದ ಅಡಕತ್ತರಿ, ಅಡುಗೆಮನೆಯ ಚಾಕುಗಳಿಗೆ ತೊಡಕಿಲ್ಲ. ಅಳತೆ ಮೀರಿದ ಅಲಗಿದ್ದರೆ ಮಾರಾಟದ ಮಾತಿಗೆ ಮುಂಚೆಯೇ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. ಹಿಡಿ ಯಾವುದರಿಂದ ಮಾಡಿದ್ದೆಂದೂ ಪರೀಕ್ಷಿಸಬೇಕು: ಆನೆದಂತ, ಜಿಂಕೆ ಕೊಂಬುಗಳ ವ್ಯಾಪಾರಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ. ನೂರು ವರ್ಷ ದಾಟಿದ ಕಲಾತ್ಮಕ ವಸ್ತುವನ್ನು ವಿದೇಶದ ಗ್ರಾಹಕರಿಗೆ ಕಳುಹಿಸುವ ಆಲೋಚನೆಯನ್ನೇ ಬಿಡಿ. ಪ್ರಾಚ್ಯವಸ್ತುಗಳ ಕಾಯ್ದೆ ಖಾಸಗಿಯವರಿಗೆ ಅದನ್ನು ನಿಷೇಧಿಸಿದೆ. ಗುಂಡಿ ಒತ್ತಿದೊಡನೆ ತೆರೆದುಕೊಳ್ಳುವ ಸ್ಪ್ರಿಂಗ್ ಚಾಕುಗಳನ್ನಂತೂ ಪಾರ್ಸೆಲ್‌ನಲ್ಲಿ ಇಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು: ಒರೆಸಿ, ಎಣ್ಣೆ ಸವರಿ

ಹಳೆಯ ಚಾಕುಗಳ ಇಂಗಾಲಯುಕ್ತ ಉಕ್ಕು ತುಕ್ಕು ಹಿಡಿಯುವಂಥದ್ದು, ಮತ್ತು ಬೆರಳಿನ ಬೆವರಿನ ಉಪ್ಪೇ ಅದಕ್ಕೆ ಸಾಕು. ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಬೇಡ. ಅವು ದಿನ ಕಳೆದಂತೆ ಕಮಟಾಗಿ ಅಂಟಿಕೊಳ್ಳುತ್ತವೆ. ಅಲಗಿನ ಹಳೆಯ ಕಪ್ಪು ಮೈಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯಿಸಲು ಹೋಗಬೇಡಿ. ಸಂಗ್ರಾಹಕರು ಬೆಲೆ ಕೊಡುವುದು ಆ ಬಣ್ಣಕ್ಕೂ ಸೇರಿಸಿ. ಚರ್ಮದ ಒರೆಯಿದ್ದರೆ ಚಾಕುವನ್ನು ಅದರಿಂದ ಹೊರತೆಗೆದು ಪ್ರತ್ಯೇಕವಾಗಿ ಸುತ್ತಬೇಕು. ಚರ್ಮ ಹದಮಾಡಲು ಬಳಸಿದ ರಾಸಾಯನಿಕಗಳು ಮತ್ತು ಚರ್ಮ ಹೀರಿಕೊಂಡ ತೇವ ಸೇರಿ ಉಕ್ಕಿಗೆ ತುಕ್ಕನ್ನೂ ಹಿತ್ತಾಳೆಗೆ ಹಸಿರು ಕಿಲುಬನ್ನೂ ತರುತ್ತವೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಒರೆಯ ಹೊಲಿಗೆ ಒಂದು ಕುಲುಕಿಗೆ ಬಿಟ್ಟುಕೊಂಡರೆ ಅಲಗು ಹೊರಬರುತ್ತದೆ. ಒರೆಯನ್ನು ಪ್ಯಾಕಿಂಗ್ ಎಂದು ಭಾವಿಸಲೇಬಾರದು.

ಮೂರನೆಯದು: ಮೊನೆ ಕಟ್ಟುವುದು

ಎಲ್ಲರೂ ಎಡವುವುದು ಇಲ್ಲಿ. ಅಂಚಿನ ಹರಿತಕ್ಕೆ ಹೆದರಿ ಬಟ್ಟೆ, ಕಾಗದ, ಗುಳ್ಳೆ ಪ್ಲಾಸ್ಟಿಕ್ ಎಂದು ಸುತ್ತುತ್ತಾ ಹೋಗುತ್ತಾರೆ. ಆದರೆ ಪಾರ್ಸೆಲ್ ತೂತು ಮಾಡುವುದು ಮೊನೆ. ಪೆಟ್ಟಿಗೆ ಪ್ರತಿ ಸಲ ಕೆಳಗೆ ಬಿದ್ದಾಗಲೂ ಚಾಕುವಿನ ಇಡೀ ಭಾರ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ. ಮೊದಲ ಸಲ ಒಂದು ಪದರ ಹರಿದರೆ ಮುಂದಿನ ಸಲ ಅದೇ ದಾರಿಯಲ್ಲಿ ಇನ್ನೊಂದು ಹರಿಯುತ್ತದೆ. ಥರ್ಮಾಕೋಲ್ ತುಂಡಿಗೆ ಮೊನೆ ಚುಚ್ಚಿ ಕಳುಹಿಸುವುದು ತೀರಾ ಅಪಾಯಕಾರಿ ಅಡ್ಡದಾರಿ. ಥರ್ಮಾಕೋಲ್ ಯಾವ ಮೊನೆಯನ್ನೂ ತಡೆಯದು.

ಬೇಕಾದುದು ಏಣುಗಳುಳ್ಳ ದಪ್ಪ ಪೆಟ್ಟಿಗೆ ರಟ್ಟು. ತುಮಕೂರಿನ ಮಂಡಿಪೇಟೆಯ ಯಾವುದೇ ಅಂಗಡಿಯಲ್ಲಿ ಕೇಳಿದರೂ ಹಳೆಯ ರಟ್ಟಿನ ಪೆಟ್ಟಿಗೆಗಳು ಸಿಗುತ್ತವೆ, ಒಣಗಿದ್ದನ್ನೇ ಆರಿಸಿಕೊಳ್ಳಿ. ಅಂಥ ರಟ್ಟಿನ ಒಳಪದರದಲ್ಲಿ ಸಣ್ಣ ಸಣ್ಣ ಕೊಳವೆಗಳು ಸಾಲಾಗಿರುತ್ತವೆ. ರಟ್ಟನ್ನು ಕತ್ತರಿಸುವಾಗ ಈ ಕೊಳವೆಗಳು ಅಲಗಿಗೆ ಅಡ್ಡಲಾಗಿ ಬರುವಂತೆ ನೋಡಿಕೊಳ್ಳಬೇಕು. ಅಲಗಿನ ಉದ್ದಕ್ಕೇ ಬಂದರೆ ಮೊನೆ ಒಂದು ಕೊಳವೆಯೊಳಗೆ ನುಗ್ಗಿ, ಸುರಂಗದಲ್ಲಿ ಸಾಗಿದಂತೆ ಸಾಗಿ, ತುದಿಯಲ್ಲಿ ಹೊರಬರುತ್ತದೆ. ಅಲಗಿಗಿಂತ ಮೂರು ಅಂಗುಲ ಉದ್ದದ ರಟ್ಟನ್ನು ಅಲಗಿನ ಬೆನ್ನಿನ ಕಡೆಯಿಂದ ಮಡಚಿ ಎರಡೂ ಪಕ್ಕ ಮುಚ್ಚಿ. ಅಂಚು ಬರುವ ಕಡೆ, ಎರಡು ಪದರಗಳ ನಡುವೆ ಬೆರಳಗಲದ ಇನ್ನೊಂದು ರಟ್ಟುಪಟ್ಟಿಯನ್ನು ಕೂರಿಸಿ ಅಂಟಿಸಿ. ಹರಿತ ಟೇಪಿಗೆ ತಾಗಬಾರದು. ಮೊನೆಯಾಚೆ ಉಳಿದ ಮೂರು ಅಂಗುಲದಲ್ಲಿ ಕೊನೆಯ ಎರಡನ್ನು ಹಿಂದಕ್ಕೆ ಮಡಚಿ, ಮಡಿಕೆಯ ಒಳಗೆ ಮರದ ಸಣ್ಣ ತುಂಡೊಂದನ್ನು ಮೊನೆಗೆ ಎದುರಾಗಿ ಇಟ್ಟು ಬಿಗಿಯಾಗಿ ಟೇಪು ಸುತ್ತಬೇಕು. ಮೊನೆ ಮರಕ್ಕೆ ತಾಗಿಕೊಂಡಿರಬಾರದು, ನಡುವೆ ಅಕ್ಕಿಕಾಳಿನಷ್ಟು ಜಾಗವಿರಲಿ. ತಾಗಿದ್ದರೆ ಪೆಟ್ಟಿಗೆ ಬಿದ್ದಾಗ ಮೊನೆಯೇ ಮುರಿಯುತ್ತದೆ. ಟೇಪು ರಟ್ಟಿಗೆ ಮಾತ್ರ ಅಂಟಬೇಕು, ಉಕ್ಕಿಗಾಗಲಿ ಹಿಡಿಗಾಗಲಿ ಅಲ್ಲ.

ಇಷ್ಟು ಮಾಡಿದ ಮೇಲೂ ಈ ರಟ್ಟಿನ ಕವಚ ಮುಂದಕ್ಕೆ ಜಾರಿ ಕಳಚಬಹುದು. ಕವಚದ ಹಿಡಿಯ ಕಡೆಯ ತುದಿಯಲ್ಲಿ ಎರಡು ತೂತು ಮಾಡಿ, ಹತ್ತಿಯ ಹುರಿ ಪೋಣಿಸಿ, ಹಿಡಿಗೆ ಅಡ್ಡಡ್ಡ ಸುತ್ತಿ ಗಂಟು ಹಾಕಿ. ರಬ್ಬರ್ ಬ್ಯಾಂಡ್ ಬೇಡ: ಅದರ ಗಂಧಕ ಬೆಳ್ಳಿ, ಹಿತ್ತಾಳೆಗಳನ್ನು ಕಪ್ಪಾಗಿಸುತ್ತದೆ, ಬಿಸಿಲಿಗೆ ಕರಗಿ ಮೆತ್ತಿಕೊಳ್ಳುತ್ತದೆ. ನಂತರ ಹಿಡಿ ಹಿಡಿದು, ಮೊನೆಯನ್ನು ನೆಲದ ಕಡೆಗೆ ಮಾಡಿ ಜೋರಾಗಿ ಕೊಡವಿ. ಕವಚ ಕೂದಲೆಳೆಯಷ್ಟು ಸರಿದರೂ ಬಿಚ್ಚಿ ಮತ್ತೆ ಕಟ್ಟಿ.

ನಮ್ಮ ತೋಟಗಳ ಕಡೆ ಅಡಿಕೆ ಹಾಳೆಯನ್ನು ಕವಚವಾಗಿ ಬಳಸುವವರಿದ್ದಾರೆ. ಹಾಳೆ ಗಟ್ಟಿಯಾದದ್ದೇ, ಆದರೆ ಮಡಚಲು ಅದನ್ನು ನೆನೆಸಲೇಬೇಕು, ನೆನೆದದ್ದು ಪೂರ್ತಿ ಒಣಗುವವರೆಗೆ ಕಾಯುವವರು ಕಡಿಮೆ. ನಾನಂತೂ ರಟ್ಟನ್ನೇ ಹೇಳುತ್ತೇನೆ.

ಮಡಚು ಚಾಕು, ಅಡಕತ್ತರಿಗಳಿಗೆ ಇಷ್ಟು ಶ್ರಮವಿಲ್ಲ. ಮುಚ್ಚಿದ ಸ್ಥಿತಿಯಲ್ಲಿ, ಎಣ್ಣೆ ಹೀರದ ಕಾಗದ ಸುತ್ತಿ, ತೆರೆದುಕೊಳ್ಳದಂತೆ ಹುರಿಯಿಂದ ಕಟ್ಟಿದರೆ ಸಾಕು. ಅಡಕತ್ತರಿಯ ಬಾಯಿಯ ನಡುವೆ ಒಂದು ರಟ್ಟಿನ ಚೂರು ಇರಲಿ.

ನಾಲ್ಕನೆಯದು: ಹಲಗೆಗೆ ಬಿಗಿದು ಪೆಟ್ಟಿಗೆಗೆ

ಚಾಕುವಿಗಿಂತ ಎರಡೂ ಕಡೆ ಎರಡು ಅಂಗುಲ ಉದ್ದವಿರುವ ತೆಳು ಪ್ಲೈವುಡ್ ತುಂಡಿಗೆ, ತೂತು ಕೊರೆದು ಹುರಿಯಿಂದ ಮೂರು ಕಡೆ ಕಟ್ಟಿ. ಅದನ್ನು ಸಣ್ಣ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ದೊಡ್ಡದರಲ್ಲಿಟ್ಟು, ನಡುವಿನ ಎರಡಂಗುಲ ಜಾಗವನ್ನು ಮುದ್ದೆಮಾಡಿದ ಕಾಗದದಿಂದ ಒತ್ತಿ ತುಂಬಿ. ತೆಂಗಿನ ನಾರು ನಮ್ಮಲ್ಲಿ ಧಾರಾಳವಾಗಿ ಸಿಗುತ್ತದೆಂದು ಅದನ್ನು ತುಂಬಬೇಡಿ. ಅದು ತೇವ ಹೀರುತ್ತದೆ, ಅದರ ಪುಡಿ ಎಣ್ಣೆ ಸವರಿದ ಲೋಹಕ್ಕೆ ಮೆತ್ತುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯ ಊರುಗಳಿಗೆ ಕಳುಹಿಸುವಾಗ, ಒಳಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ. ಒಂಬತ್ತು ಅಂಗುಲದ ಹತ್ತಿರದ ಉದ್ದನೆಯ ಚಾಕುಗಳಿಗೆ ದಪ್ಪ ಪಿವಿಸಿ ಪೈಪಿನ ತುಂಡು, ಎರಡೂ ತುದಿಗೆ ಮುಚ್ಚಳ ಹಾಕಿ, ಒಳಪೆಟ್ಟಿಗೆಯ ಬದಲಿಗೆ ಬಳಸಬಹುದು. ಆಗಲೂ ಮೊನೆಯ ಕವಚ ಕಟ್ಟಿರಲೇಬೇಕು.

ಟೇಪು ಅಗ್ಗದ್ದಾದರೆ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಕೈಯಿಂದ ಎಳೆದರೆ ರಟ್ಟಿನ ಮೇಲ್ಪದರವನ್ನೇ ಕಿತ್ತು ತರುವಂಥ ಟೇಪು ಕೊಳ್ಳಿ, ನಡುವಿನ ಸೀಳಿಗೂ ಎರಡು ಬದಿಯ ಅಂಚುಗಳಿಗೂ ಅಂಟಿಸಿ.

ಐದನೆಯದು: ಬರೆಯುವುದು, ಒಪ್ಪಿಸುವುದು

ಭದ್ರಪಡಿಸದ ಹರಿತವಾದ ಸಾಧನವನ್ನು ಅಂಚೆಯಲ್ಲಿ ಕಳುಹಿಸಬಾರದೆಂದು 1898ರ ಅಂಚೆ ಕಾಯ್ದೆಯ 19ನೇ ಕಲಮಿನಲ್ಲೇ ಇತ್ತು. ಆ ಕಾಯ್ದೆಯ ಜಾಗಕ್ಕೆ 2023ರದು ಬಂದಿದ್ದರೂ ಆ ಮಾತಿನ ಹಿಂದಿನ ಕಾಳಜಿ ಹಳತಾಗಿಲ್ಲ. ಕೌಂಟರಿನಲ್ಲಿ ವಸ್ತುವಿನ ವಿವರ ಕೇಳಿದಾಗ "ಆಟಿಕೆ", "ಪುಸ್ತಕ" ಎಂದು ಬರೆಸಬೇಡಿ. "ಸಂಗ್ರಹದ ಹಳೆಯ ಚಾಕು, ಅಲಗು ಮುಚ್ಚಿದೆ" ಎಂದು ನಿಜವನ್ನೇ ಬರೆಸಿ. ಅವರು ಒಪ್ಪದಿದ್ದರೆ ಒಪ್ಪುವ ಸೇವೆಯನ್ನು ಹುಡುಕಿ. ಸುಳ್ಳು ವಿವರದ ಪಾರ್ಸೆಲ್ ಎಕ್ಸ್‌ರೇ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ವಿಮೆಯ ಹಣವನ್ನೂ ಕೇಳುವಂತಿಲ್ಲ. ಬೆಲೆಬಾಳುವ ವಸ್ತುವಿಗೆ ವಿಮೆ ಮಾಡಿಸಿ, ಪ್ಯಾಕಿಂಗಿನ ಪ್ರತಿ ಹಂತದ ಚಿತ್ರ ತೆಗೆದಿಟ್ಟುಕೊಳ್ಳಿ.

ಒಳಪೆಟ್ಟಿಗೆಯ ಮೇಲೆ "ಒಳಗೆ ಹರಿತವಾದ ವಸ್ತುವಿದೆ, ಹಿಡಿಯ ಕಡೆಯಿಂದ ತೆರೆಯಿರಿ" ಎಂದು ಗ್ರಾಹಕರಿಗೆ ತಿಳಿಯುವ ಭಾಷೆಯಲ್ಲಿ ಬರೆದು, ಹಿಡಿ ಯಾವ ಕಡೆ ಇದೆಯೆಂದು ಬಾಣದ ಗುರುತು ಹಾಕಿ. ರಸೀದಿಯ ಸಂಖ್ಯೆಯನ್ನು ಗ್ರಾಹಕರಿಗೆ ಕಳುಹಿಸುವಾಗಲೇ, ಹುರಿ ಬಿಚ್ಚಿ ಕವಚವನ್ನು ನೇರವಾಗಿ ಮುಂದಕ್ಕೆ ಎಳೆಯಬೇಕೆಂದೂ, ಚಾಕುವನ್ನು ಒರೆಯಲ್ಲಿಟ್ಟು ಶೇಖರಿಸಬಾರದೆಂದೂ ಎರಡು ಸಾಲು ಸೇರಿಸಿ.