ಕಲ್ಯಾಣಪುರದಿಂದ ಕಡಲಿಗೆ: ಇಬ್ಬರೇ ಹಾಯಿದೋಣಿಯಲ್ಲಿ ಹೋಗುವ ಬಗೆ

ಉಡುಪಿಯ ಆಸುಪಾಸಿನಲ್ಲಿ, ಕಲ್ಯಾಣಪುರದ ಬಳಿ ಹರಿಯುವ ಸ್ವರ್ಣಾ ಹೊಳೆಯಿಂದ ಕಡಲಿಗೆ ಹಾಯಿದೋಣಿಯಲ್ಲಿ ಹೋಗಬಯಸುವ ದಂಪತಿ ಮೊದಲು ನೋಡಬೇಕಾದದ್ದು ಗಾಳಿಯನ್ನಲ್ಲ, ಪಂಚಾಂಗವನ್ನು. ಗಾಳಿ ಬೀಳುತ್ತದೆ, ಏಳುತ್ತದೆ, ಕೆಲವೊಮ್ಮೆ ದಾಕ್ಷಿಣ್ಯವನ್ನೂ ತೋರಿಸುತ್ತದೆ. ಆದರೆ ಭರತ, ಅಂದರೆ ಕಡಲಿನ ಉಬ್ಬರ, ಮತ್ತು ಇಳಿತ ಯಾರಿಗಾಗಿಯೂ ಹೊತ್ತು ಬದಲಿಸುವುದಿಲ್ಲ. ನಾನು ಮತ್ತು ನಮ್ಮವರು ಇದನ್ನು ತಡವಾಗಿ ಕಲಿತೆವು. ಆದ್ದರಿಂದ ಹೊರಡುವ ದಿನವನ್ನು ನಿಶ್ಚಯಿಸುವ ಕ್ರಮವನ್ನೇ ಇಲ್ಲಿ ಮೊದಲು ಹೇಳುತ್ತೇನೆ.

ಎರಡು ಭರತಗಳ ನಡುವೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಗಳ ಅಂತರವಿರುತ್ತದೆ. ಹಾಗಾಗಿ ಇಂದಿನ ಭರತ ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಹಗಲಿನ ಭರತ ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ತುಂಬುತ್ತದೆ. ಅಲ್ಲಿಂದ ದಿನಕ್ಕೆ ಐವತ್ತು ನಿಮಿಷದಂತೆ ಎಣಿಸಿದರೆ ಅಷ್ಟಮಿಯ ಹೊತ್ತಿಗೆ ಹಗಲಿನ ಭರತ ಸಂಜೆಗೆ ಸರಿದು ರಾತ್ರಿಯ ಭರತ ಬೆಳಗಿನ ಜಾವಕ್ಕೆ ಬರುತ್ತದೆ, ನಡುಹಗಲಿನವರೆಗೂ ಇಳಿತ ಸಿಗುತ್ತದೆ. ಬೆಳಿಗ್ಗೆ ನೆಲದಿಂದ ಕಡಲಿಗೆ ಬೀಸುವ ಮೂಡುಗಾಳಿಯೂ ಅದೇ ದಿಕ್ಕಿನಲ್ಲಿ ದೂಡುವುದರಿಂದ, ಹೊಳೆಯಲ್ಲಿ ಕೆಳಗಿಳಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಅಷ್ಟಮಿಯ ಆಸುಪಾಸಿನಲ್ಲಿ ನೀರಿನ ಏರಿಳಿತವೇ ಕಡಿಮೆಯಾದ್ದರಿಂದ ಸೆಳೆತವೂ ಮೃದುವಾಗಿರುತ್ತದೆ. ಈ ಲೆಕ್ಕವನ್ನು ಅಂದಾಜಿಗೆ ಮಾತ್ರ ಇಟ್ಟುಕೊಂಡು, ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರವಿಳಿತದ ಪಟ್ಟಿಯಲ್ಲಿ ಮಂಗಳೂರಿನ ಸಮಯವನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಹೊಳೆಯಲ್ಲಿ ಮೇಲೆ ಹೋದಷ್ಟೂ ಭರತ ಇನ್ನಷ್ಟು ತಡವಾಗುತ್ತದೆ ಎಂಬುದನ್ನೂ ಮರೆಯಬಾರದು.

ತಿಂಗಳುಗಳಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳೇ ಕಡಲಿಗಿಳಿಯದಿರುವಾಗ ಹಾಯಿದೋಣಿಯ ಮಾತೇ ಬೇಡ.

ದೋಣಿ ಹದಿನಾರು ಅಡಿ ಉದ್ದದ ಫೈಬರಿನದಾದರೆ ಇಬ್ಬರಿಗೆ ಸಾಕು. ಅದರ ತಳದಲ್ಲಿ ನೀರಿಗೆ ಇಳಿಬಿಡುವ ಹಲಗೆಯನ್ನು ಮೇಲೆತ್ತುವಂತಿರಬೇಕು, ಚುಕ್ಕಾಣಿಯನ್ನೂ ಹಾಗೆಯೇ ಎತ್ತುವಂತಿರಬೇಕು; ಸ್ವರ್ಣಾ ನದಿಯ ಕೆಳಭಾಗದಲ್ಲಿ ಮರಳು ಎಲ್ಲಿ ಮಲಗಿದೆಯೆಂದು ನೀರಿನ ಮೇಲಿಂದ ತಿಳಿಯುವುದಿಲ್ಲ. ಎರಡು ಹುಟ್ಟು, ಒಂದು ಉದ್ದದ ಬಿದಿರಿನ ಜಲ್ಲೆ, ಲಂಗರು, ಇಬ್ಬರಿಗೂ ಲೈಫ್ ಜಾಕೆಟ್, ನೀರು ತಾಗದ ಚೀಲದಲ್ಲಿ ಮೊಬೈಲ್ ಇರಲಿ. ಜಲ್ಲೆಯನ್ನು ಹಳೆಯ ಕಾಲದ ವಸ್ತುವೆಂದು ಬಿಟ್ಟುಹೋಗಬೇಡಿ. ಆಳ ಅಳೆಯಲು, ದೂಡಲು, ಮರಳಿನಲ್ಲಿ ನೆಟ್ಟು ದೋಣಿ ಕಟ್ಟಲು ಅದೊಂದೇ ಸಾಧನ.

ಹಾಯಿ ಕಟ್ಟುವ ಕೂವೆಮರವನ್ನು ಇಬ್ಬರೇ ಸೇರಿ ಮಲಗಿಸಲು, ಮತ್ತೆ ಎಬ್ಬಿಸಲು ಮನೆಯ ಅಂಗಳದಲ್ಲಿಯೇ ಅಭ್ಯಾಸ ಮಾಡಬೇಕು. ಅಮೆರಿಕದ ಮಹಾಸರೋವರಗಳಿಂದ ಅಟ್ಲಾಂಟಿಕ್ ಸಾಗರಕ್ಕೆ ಹೊರಡುವ ದಂಪತಿಗಳು 1825ರಲ್ಲಿ ತೆರೆದ ಈರಿ ಕಾಲುವೆಯ ಹಾದಿ ಹಿಡಿದರೆ, ಅಲ್ಲಿನ ಸೇತುವೆಗಳು ತಗ್ಗಾಗಿರುವುದರಿಂದ ಕೂವೆಮರವನ್ನು ಇಳಿಸಿ, ಮರದ ಆಸರೆಗಳ ಮೇಲೆ ದೋಣಿಯುದ್ದಕ್ಕೂ ಮಲಗಿಸಿಕೊಂಡೇ ಸಾಗುತ್ತಾರೆ. ಹಡ್ಸನ್ ನದಿ ಸೇರಿದ ಮೇಲೆಯೇ ಅದನ್ನು ಎಬ್ಬಿಸುತ್ತಾರೆ. ಅಲ್ಲಿಯೂ ಕಡಲಿನಿಂದ ಸುಮಾರು 240 ಕಿ.ಮೀ. ಒಳಗಿರುವ ಟ್ರಾಯ್ ಪಟ್ಟಣದವರೆಗೆ ಉಬ್ಬರವಿಳಿತದ್ದೇ ಆಳ್ವಿಕೆ. ಆದರೆ ಅವರ ಕಾಲುವೆಯಲ್ಲಿ ದೋಣಿಯನ್ನು ಮಟ್ಟದಿಂದ ಮಟ್ಟಕ್ಕೆ ಇಳಿಸುವ ಬಾಗಿಲುಗಳಿವೆ. ಉಪ್ಪುನೀರನ್ನು ತಡೆಯಲು ಹಲಗೆ ಹಾಕುವ ನಮ್ಮ ಕಿಂಡಿ ಅಣೆಕಟ್ಟುಗಳಲ್ಲಿ ಆ ಏರ್ಪಾಡಿಲ್ಲ. ಆದ್ದರಿಂದ ಅಣೆಕಟ್ಟುಗಳ ಕೆಳಗಿನಿಂದ, ಕಲ್ಯಾಣಪುರದ ಹೆದ್ದಾರಿ ಸೇತುವೆಯನ್ನೂ ಹಿಂದೆ ಬಿಟ್ಟು ದೋಣಿಯನ್ನು ನೀರಿಗಿಳಿಸುವುದು ಸುಲಭ.

ಕೆಮ್ಮಣ್ಣಿನ ತೂಗುಸೇತುವೆಯೂ ಸೇರಿದಂತೆ ದಾರಿಯ ಸೇತುವೆಗಳನ್ನು ಮತ್ತು ಹೊಳೆಗೆ ಅಡ್ಡವಾಗಿ ಎಳೆದ ವಿದ್ಯುತ್ ತಂತಿಗಳನ್ನು ಹಿಂದಿನ ದಿನವೇ ದಡದಲ್ಲಿ ಓಡಾಡಿ ನೋಡಿಕೊಳ್ಳಿ. ನೋಡುವುದಾದರೆ ಭರತದ ಹೊತ್ತಿನಲ್ಲೇ ನೋಡಬೇಕು, ಏಕೆಂದರೆ ಇಳಿತದಲ್ಲಿ ಧಾರಾಳವಾಗಿ ಕಂಡ ಎತ್ತರದಲ್ಲಿ ಒಂದು ಮೀಟರಿನಷ್ಟು ಭರತ ಬಂದಾಗ ಉಳಿದಿರುವುದಿಲ್ಲ. ಅಲ್ಯೂಮಿನಿಯಂ ಕೂವೆಮರ ತಂತಿಯ ಹತ್ತಿರ ಸುಳಿಯುವುದೂ ಪ್ರಾಣಾಪಾಯ. ಸಂಶಯವಿದ್ದಲ್ಲಿ ಮರ ಇಳಿಸಿ ಹುಟ್ಟು ಹಾಕಿ. ಹತ್ತು ನಿಮಿಷ ಹೋಗಬಹುದು, ಅಷ್ಟೇ.

ಹೊಳೆಯ ನಡುಗಡ್ಡೆಗಳಾದ ಕುದ್ರುಗಳ ನಡುವೆ ಸಾಗುವಾಗ ಮುಂಭಾಗದಲ್ಲಿ ಒಬ್ಬರು ನೀರನ್ನೇ ನೋಡುತ್ತಿರಬೇಕು. ಕಂತುಬಲೆಯ ತೇಲುಗಳು, ಪಂಜರದ ಮೀನು ಸಾಕಣೆಯ ಹಗ್ಗಗಳು ಅಲ್ಲಲ್ಲಿ ಇರುತ್ತವೆ. ಅವು ಒಂದು ಮನೆಯ ಅನ್ನ. ಅವುಗಳ ಮೇಲೆ ದೋಣಿ ಹಾಯಿಸುವುದಕ್ಕಿಂತ ಹಾಯಿ ಇಳಿಸಿ ಸುತ್ತುಬಳಸಿ ಹೋಗುವುದೇ ಸರಿ. ಚುಕ್ಕಾಣಿ ಹಿಡಿದವರು ದಿಕ್ಕು ಬದಲಿಸುವ ಮೊದಲು "ತಿರುಗಿಸುತ್ತೇನೆ" ಎಂದು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು "ಹ್ಞೂಂ" ಎಂದ ಮೇಲೆಯೇ ತಿರುಗಿಸಬೇಕು. ಗಂಡ ಹೆಂಡತಿಗೆ ಇಷ್ಟು ಔಪಚಾರಿಕತೆ ಏಕೆಂದು ಅನಿಸಬಹುದು; ಹಾಯಿಯ ಕೆಳಗಿನ ಅಡ್ಡಮರ ಒಮ್ಮೆ ತಲೆಯ ಮೇಲೆ ರೊಯ್ಯನೆ ಹಾದುಹೋದರೆ ಆ ಪ್ರಶ್ನೆ ಉಳಿಯುವುದಿಲ್ಲ. ಗಂಟೆಗೊಮ್ಮೆ ಕೆಲಸ ಅದಲುಬದಲಾಗಲಿ. ಚುಕ್ಕಾಣಿ ಯಾವಾಗಲೂ ಗಂಡನ ಕೈಯಲ್ಲಿಯೇ ಇದ್ದರೆ, ಅವರು ನೀರಿಗೆ ಬಿದ್ದ ದಿನ ಅವರನ್ನು ಎತ್ತಿಕೊಳ್ಳಲು ದೋಣಿ ತಿರುಗಿಸುವವರು ಯಾರೂ ಇರುವುದಿಲ್ಲ.

ಸ್ವರ್ಣೆ ಬಡಗು ದಿಕ್ಕಿಗೆ ತಿರುಗಿ, ಕಡಲಿಗೂ ತನಗೂ ನಡುವೆ ಕಿರಿದಾದ ಮರಳಿನ ಬೆಂಗ್ರೆಯನ್ನಷ್ಟೇ ಉಳಿಸಿಕೊಂಡು ಹರಿಯುವ ಕಡೆ ನಾವು ಮೊದಲ ಸಲ ಸಿಕ್ಕಿಬಿದ್ದೆವು. ತಡವಾಗಿ ಹೊರಟಿದ್ದರಿಂದ ಇಳಿತ ನಮ್ಮನ್ನು ಬಿಟ್ಟು ಮುಂದೆ ಹೋಗಿತ್ತು. ಹಲಗೆ ಮರಳಿಗೆ ತಾಗಿದ ಸದ್ದು ಕೇಳಿಸಿದ್ದಷ್ಟೇ. ಹತ್ತು ನಿಮಿಷದಲ್ಲಿ ದೋಣಿ ಒಂದು ಪಕ್ಕಕ್ಕೆ ವಾಲಿತು. ಇಬ್ಬರೂ ಮೊಣಕಾಲು ನೀರಿಗಿಳಿದು ದೂಡುತ್ತಿದ್ದಾಗ, ಸ್ವಲ್ಪ ದೂರದಲ್ಲಿ ಮರುವಾಯಿ ಎಂಬ ಚಿಪ್ಪುಜೀವಿಗಳನ್ನು ಹೆಕ್ಕುತ್ತಿದ್ದ ಹೆಂಗಸೊಬ್ಬರು ಬುಟ್ಟಿಯಿಂದ ತಲೆಯೆತ್ತದೆಯೇ, "ನೀರ್ ಬಪ್ಪುಕೆ ಇನ್ನೂ ನಾಕ್ ಗಂಟಿ ಇತ್ತಮ್ಮ, ದೂಡುಕ್ ಹೋಯ್ಬೇಡಿ" ಎಂದರು. ಸರಿಯಾಗಿ ನಾಲ್ಕು ಗಂಟೆಗಳ ಬಳಿಕ ದೋಣಿ ತಾನಾಗಿ ತೇಲಿತು. ಹೀಗಾದಾಗ ಮಾಡಬೇಕಾದದ್ದು ಇಷ್ಟೇ: ಹಾಯಿ ಇಳಿಸಿ, ಹಲಗೆ ಎತ್ತಿ, ಆಳವಿರುವ ಕಡೆಗೆ ಲಂಗರು ಒಯ್ದು ಹಾಕಿ, ನೆರಳು ಮಾಡಿಕೊಂಡು ಕುಳಿತುಕೊಳ್ಳಿ.

ಸೀತಾ ನದಿ ಬಂದು ಸೇರುವ ಹಂಗಾರಕಟ್ಟೆ ಮತ್ತು ಎದುರಿನ ಕೋಡಿ ಬೆಂಗ್ರೆಯ ನಡುವೆ ನೀರು ಅಗಲವಾಗುತ್ತದೆ, ಹೊಳೆ ಕಡಲನ್ನು ಸೇರುವ ಅಳಿವೆಯ ತೆರೆಗಳ ಮೊರೆತ ಕೇಳಿಸುತ್ತದೆ. ಅಂದೇ ಕಡಲಿಗೆ ಹೋಗುವ ಆಸೆಯನ್ನು ಇಲ್ಲಿ ಬಿಡಬೇಕು. ಇಳಿತದ ನೀರು ಹೊರಗೆ ನುಗ್ಗುವಾಗ ಪಡುಗಾಳಿಯ ತೆರೆಗಳು ಅದಕ್ಕೆ ಎದುರಾಗಿ ಬಂದು ಅಳಿವೆಬಾಗಿಲಿನಲ್ಲಿ ಕಡಿದಾಗಿ ಎದ್ದು ಒಡೆಯುತ್ತವೆ. ಅನುಭವಿ ಮೀನುಗಾರರ ದೋಣಿಗಳೂ ಅಲ್ಲಿ ಮಗುಚುವುದುಂಟು. ಹೊಳೆಯ ಬದಿಯಲ್ಲಿ ಲಂಗರು ಹಾಕಿ ರಾತ್ರಿ ಕಳೆಯಿರಿ. ಸಂಜೆ ದಡದಲ್ಲಿ ಬಲೆ ಸರಿಪಡಿಸುತ್ತಿರುವವರ ಬಳಿ ಹೋಗಿ ಈ ವರ್ಷ ಅಳಿವೆಯ ಆಳ ಯಾವ ಬದಿಯಲ್ಲಿದೆ ಎಂದು ಕೇಳಿ. ಮಳೆಗಾಲ ಪ್ರತಿವರ್ಷವೂ ಮರಳನ್ನು ಸರಿಸುವುದರಿಂದ ಕಳೆದ ವರ್ಷದ ತಿಳಿವಳಿಕೆ ಉಪಯೋಗಕ್ಕೆ ಬಾರದು. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆಯ ತೆರೆಗಳ ಮುನ್ಸೂಚನೆಯನ್ನು ನೋಡಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ಮನೆಯಲ್ಲೊಬ್ಬರಿಗೆ ತಿಳಿಸಿ. ಕರಾವಳಿ ಕಾವಲು ಪೊಲೀಸರ 1093, ತಟರಕ್ಷಣಾ ಪಡೆಯ 1554 ಸಂಖ್ಯೆಗಳು ಇಬ್ಬರ ಮೊಬೈಲಿನಲ್ಲೂ ಇರಲಿ. ಅನುಮತಿಯ ವಿಷಯವನ್ನು ಹೊರಡುವ ಮುಂಚೆಯೇ ಬಂದರು ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಂಡಿರಬೇಕು.

ಮರುದಿನ ಬೆಳಿಗ್ಗೆ ಭರತ ತುಂಬಿ ನೀರು ನಿಂತಂತೆ ಕಾಣುವ ಸ್ವಲ್ಪ ಹೊತ್ತೇ ಅಳಿವೆ ದಾಟುವ ಮುಹೂರ್ತ. ಆಗ ಆಳ ಹೆಚ್ಚು, ಸೆಳೆತ ಕಡಿಮೆ, ಮೂಡುಗಾಳಿ ಬೆನ್ನಿಗಿರುತ್ತದೆ. ಮೊದಲು ಬೆಂಗ್ರೆಯ ಮರಳಿನ ಮೇಲೆ ನಿಂತು ಕಾಲು ಗಂಟೆ ತೆರೆಗಳನ್ನು ನೋಡಿ. ಬಾಗಿಲಿನ ಅಡ್ಡಗಲಕ್ಕೂ ಬಿಳಿನೊರೆ ಒಡೆಯುತ್ತಿದ್ದರೆ ಹೋಗಬಾರದು. ನಮ್ಮಿಬ್ಬರಲ್ಲಿ ಒಂದು ಒಪ್ಪಂದವಿದೆ: ಯಾರಾದರೂ ಒಬ್ಬರು ಬೇಡವೆಂದರೆ ಸಾಕು, ಕಾರಣ ಕೇಳದೆ ಹಿಂದಿರುಗುವುದು. ಎರಡು ಸಲ ನಾನು ಬೇಡವೆಂದಿದ್ದೇನೆ, ಒಂದು ಸಲ ಅವರು. ಮೂರು ಸಲವೂ ಹೊಳೆಯಲ್ಲಿಯೇ ಹಿಂದೆ ಬಂದೆವು.

ಹೊರಬಿದ್ದ ಮೇಲೆ ತೆರೆ ಒಡೆಯುವ ಗೆರೆಯಿಂದ ಸಾಕಷ್ಟು ದೂರ ಸರಿದು ತೆಂಕಣಕ್ಕೆ ತಿರುಗಿ. ಮಲ್ಪೆ ಅಲ್ಲಿಂದ ಸುಮಾರು ಹನ್ನೊಂದು ಕಿ.ಮೀ.; ಮೂಡುಗಾಳಿ ಎಡಗಡೆಯಿಂದ ಸಿಗುವುದರಿಂದ ಅದು ಬೀಳುವ ಮೊದಲು ತಲುಪಬಹುದು. ಮಲ್ಪೆಯ ಬಂದರಿನ ಬಾಗಿಲಿನಲ್ಲಿ ಹಾಯಿ ಇಳಿಸಿ, ಟ್ರಾಲ್ ಬೋಟುಗಳಿಗೆ ದಾರಿ ಬಿಟ್ಟು, ಹುಟ್ಟು ಹಾಕುತ್ತಾ ಒಳಗೆ ಬನ್ನಿ. ದೋಣಿಯನ್ನು ಟೆಂಪೋಗೆ ಏರಿಸುವ ಮುನ್ನ ಹಗ್ಗ, ರಾಟೆಗಳ ಉಪ್ಪನ್ನು ಸಿಹಿನೀರಿನಲ್ಲಿ ತೊಳೆಯಿರಿ, ಹಾಯಿಯನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಸುತ್ತಿಡಿ. ಒದ್ದೆಯಾಗಿ ಸುತ್ತಿಟ್ಟರೆ ನಮ್ಮ ಕಡೆಯ ಸೆಕೆಗೆ ವಾರದೊಳಗೆ ಬೂಸ್ಟು ಹಿಡಿಯುತ್ತದೆ.