ನಮ್ಮದೇ ಕೇಸ್ ಪೇಪರ್ ಹರಡಿಕೊಂಡು ಕಲಿತದ್ದು

ಮಹಾರಾಷ್ಟ್ರದಲ್ಲಿ ವೈದ್ಯರು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅಷ್ಟರೊಳಗೆ 30 ಕ್ರೆಡಿಟ್ ಪಾಯಿಂಟ್ ಕೂಡಿರಬೇಕು ಎನ್ನುವುದು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ನಿಯಮ. ನಿಯಮ ಒಳ್ಳೆಯದೇ, ವೈದ್ಯ ಓದುವುದನ್ನು ನಿಲ್ಲಿಸಬಾರದು. ಆದರೆ ಆ ಪಾಯಿಂಟ್‌ಗಾಗಿ ಭಾನುವಾರದ ಸಿಎಂಇಯಲ್ಲಿ, ಅಂದರೆ ವೈದ್ಯರ ಮುಂದುವರಿಕೆ ಶಿಕ್ಷಣದ ಸಭೆಯಲ್ಲಿ, ಕೇಳಿ ಬಂದದ್ದಕ್ಕೂ ಸೋಮವಾರ ನನ್ನ ಬೆಂಚಿನ ಮೇಲೆ ಕೂತವರಿಗೂ ಸಂಬಂಧವೇ ಇರುತ್ತಿರಲಿಲ್ಲ. ಅಲ್ಲಿ ಹೊಸ ಸ್ಟೆಂಟ್, ರೋಬೋಟ್ ಶಸ್ತ್ರಚಿಕಿತ್ಸೆ, ಅಪರೂಪದ ಗಡ್ಡೆ. ಇಲ್ಲಿ ಜ್ವರ, ಕೆಮ್ಮು, ಭೇದಿ, ಗಜಕರ್ಣ, ಬಿಪಿ, ಶುಗರ್, ಸೊಂಟನೋವು. ನಾನು ಡೊಂಬಿವಲಿಯಲ್ಲಿ ದವಾಖಾನೆ ನಡೆಸುವ ಜನರಲ್ ಪ್ರಾಕ್ಟಿಷನರ್. ನನ್ನಲ್ಲಿಗೆ ಬರುವವರು ಹೋಟೆಲಿನ ಅಡುಗೆಯವರು, ಸಪ್ಲೈಯರ್‌ಗಳು, ಬೆಳಗಿನ ಲೋಕಲ್‌ನಲ್ಲಿ ನಿಂತೇ ಪ್ರಯಾಣ ಮಾಡುವ ಗುಮಾಸ್ತರು, ಊರಿಂದ ಮಗನ ಮನೆಗೆ ಬಂದ ಅಜ್ಜಿಯರು. ನಾನು ಕಲಿಯಬೇಕಾದದ್ದು ಇವರ ಕಾಯಿಲೆಗಳನ್ನು.

ಕನ್ನಡ ಸಂಘದ ಉಚಿತ ಆರೋಗ್ಯ ಶಿಬಿರಗಳಲ್ಲಿ ಠಾಣೆ, ಮುಲುಂಡ್, ಕಲ್ಯಾಣದ ಕನ್ನಡದ ವೈದ್ಯರು ಆಗಾಗ ಜೊತೆಯಾಗುತ್ತಿದ್ದೆವು. ಅಲ್ಲಿಂದಲೇ ನಮ್ಮ ಗುಂಪು ಹುಟ್ಟಿತು. ಸಂಜೆ ಓಪಿಡಿ ಮುಗಿಸಿ ಯಾರಾದರೊಬ್ಬರ ದವಾಖಾನೆಯಲ್ಲಿ ಸೇರುವುದು, ಒಂದು ಕಾಯಿಲೆ ಹಿಡಿದರೆ ಎರಡು ತಿಂಗಳು ಅದನ್ನು ಬಿಡದಿರುವುದು. ಯಾವ ಕಂಪನಿಯ ದುಡ್ಡೂ ಬೇಡ, ಚಹಾ ಬಟಾಟೆವಡೆಯ ಖರ್ಚು ನಮ್ಮದೇ ಎಂದು ಮೊದಲೇ ಮಾತಾಯಿತು. ಪ್ರತಿಯೊಬ್ಬರೂ ಹೆಸರು ಮುಚ್ಚಿ ತಮ್ಮ ಒಂದು ಮಾಮೂಲಿ ವಾರದ ಕೇಸ್ ಪೇಪರ್ ತರಬೇಕು. ಅದರಲ್ಲಿ ನೋಡುವುದು ಏನು ಕಂಡಿತು, ಏನು ಬರೆದೆವು, ಯಾವಾಗ ಮತ್ತೆ ಬರಲು ಹೇಳಿದೆವು ಎಂಬುದನ್ನು. ತಜ್ಞರನ್ನು ಕರೆಯುವುದು ಕೊನೆಗೆ, ಅದೂ ನಮ್ಮಲ್ಲಿ ಬಗೆಹರಿಯದೆ ಉಳಿದ ಪ್ರಶ್ನೆಗಳಿಗಾಗಿ ಮಾತ್ರ. ಈ ಸಂಜೆಗಳಿಗೆ ಕ್ರೆಡಿಟ್ ಸಿಗುವುದಿಲ್ಲ, ಅದಕ್ಕೆ ಬೇರೆ ಸಿಎಂಇಗಳಿಗೂ ಹೋಗುತ್ತೇವೆ. ಆದರೆ ಈಗ ಅಲ್ಲಿಗೂ ಪ್ರಶ್ನೆ ಹಿಡಿದುಕೊಂಡು ಹೋಗುತ್ತೇವೆ.

ಮೊದಲು ಹಿಡಿದದ್ದು ಬಿಪಿ. ಕೇಸ್ ಪೇಪರ್‌ಗಳನ್ನು ಮೇಜಿನ ಮೇಲೆ ಹರಡಿದಾಗ ಒಂದು ಸಂಗತಿ ಯಾರೂ ತೋರಿಸದೆಯೇ ಕಣ್ಣಿಗೆ ಬಿತ್ತು. 130/80, 140/90, 150/100. ಎಲ್ಲರ ಅಂಕಿಗಳೂ ಸೊನ್ನೆಯಲ್ಲೇ ಮುಗಿಯುತ್ತಿದ್ದವು. ಬಿಪಿ ಯಂತ್ರದಲ್ಲಿ ಗೆರೆಗಳಿರುವುದು ಎರಡೆರಡು ಮಿ.ಮೀ.ಗೆ; ಸರಿಯಾಗಿ ಓದಿದರೆ ಐದರಲ್ಲಿ ಒಂದು ಅಂಕಿ ಸೊನ್ನೆಯಲ್ಲಿ ಮುಗಿಯಬೇಕು, ಅಷ್ಟೇ. 140ರ ಆಸುಪಾಸಿನಲ್ಲಿ ಇರುವವರಿಗೆ ಈ ನಾಲ್ಕಾರು ಮಿ.ಮೀ.ಯೇ ಜೀವನಪೂರ್ತಿ ಮಾತ್ರೆ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಿಬಿಡುತ್ತದೆ.

ಅಂದು ಉಪನ್ಯಾಸ ಇಟ್ಟುಕೊಳ್ಳಲಿಲ್ಲ, ಒಬ್ಬರ ಬಿಪಿ ಒಬ್ಬರು ನೋಡಿದೆವು. ಸ್ಟೇಷನ್ನಿನ ಸೇತುವೆ ಹತ್ತಿಳಿದು ಬಂದ ಕೂಡಲೇ ಒಮ್ಮೆ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂತ ಮೇಲೆ ಇನ್ನೊಮ್ಮೆ. ತೋಳು ಇಳಿಬಿಟ್ಟು ಒಮ್ಮೆ, ಹೃದಯದ ಮಟ್ಟಕ್ಕೆ ಮೇಜಿನ ಮೇಲಿಟ್ಟು ಇನ್ನೊಮ್ಮೆ. ಬಿಪಿ ಪಟ್ಟಿಯ ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನು ಸುತ್ತಬೇಕು, ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳಾಗಿ ಏರುತ್ತದೆ ಎಂಬುದನ್ನು ಎಲ್ಲರೂ ಓದಿಯೇ ಇದ್ದೆವು. ನಮ್ಮ ನಮ್ಮ ತೋಳಿನ ಮೇಲೆ ಅದನ್ನು ಕಂಡ ಮೇಲೆ, ದೊಡ್ಡ ಪಟ್ಟಿ ಇಲ್ಲದವರೆಲ್ಲ ತರಿಸಿಕೊಂಡರು. ಈಗ ನನ್ನ ಕಾಂಪೌಂಡರ್ ಬಿಪಿಯವರನ್ನು ಮೊದಲು ಬೆನ್ನಾಸರೆಯ ಕುರ್ಚಿಯಲ್ಲಿ ಕೂರಿಸುತ್ತಾನೆ, ಮೊಬೈಲ್ ಒಳಗಿಡಲು ಹೇಳುತ್ತಾನೆ.

ಔಷಧಿ ಕ್ರಮ ಅಷ್ಟು ಕಷ್ಟವಲ್ಲ. ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಮೊದಲು ಶುರುವಾದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು. ಅಲ್ಲಿ ಪಾಲಿಸುವ ಮೆಟ್ಟಿಲು ಮೆಟ್ಟಿಲಾದ ಕ್ರಮವನ್ನೇ ಹಿಡಿದೆವು: ಅಮ್ಲೋಡಿಪಿನ್ 5 ಮಿ.ಗ್ರಾಂ.ನಿಂದ ಶುರು, ತಿಂಗಳಿಗೆ ನೋಡಿ, ಇಳಿಯದಿದ್ದರೆ ಟೆಲ್ಮಿಸಾರ್ಟಾನ್ 40 ಸೇರಿಸುವುದು. ಗರ್ಭಿಣಿಗೆ ಟೆಲ್ಮಿಸಾರ್ಟಾನ್ ಸಲ್ಲದು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಕೇಳದೆ ಬರೆಯಬಾರದು ಎಂಬುದನ್ನು ನಮ್ಮ ಗುಂಪಿನ ಹೆಂಗಸರು ಒತ್ತಿ ಹೇಳಿದರು.

ಕಷ್ಟ ಇರುವುದು ರೋಗಿ ಮತ್ತೆ ಬರುವಂತೆ ಮಾಡುವುದರಲ್ಲಿ. ಹೋಟೆಲಿನವರು ಕೋಲ, ಮದುವೆ, ಗೃಹಪ್ರವೇಶ ಎಂದು ಏಪ್ರಿಲ್-ಮೇ ತಿಂಗಳಲ್ಲಿ ಊರಿಗೆ ಹೋಗುತ್ತಾರೆ. ಮಾತ್ರೆ ತಪ್ಪುವುದು ಆಗ. ಈಗ ನಾವು ಊರಿನ ಟಿಕೆಟ್ ಯಾವಾಗ ಎಂದು ಕೇಳುತ್ತೇವೆ, ಅಷ್ಟು ದಿನಕ್ಕೆ ಬೇಕಾದ ಮಾತ್ರೆ ಬರೆಯುತ್ತೇವೆ. ಕಂಪನಿಯ ಹೆಸರು ಬಿಟ್ಟು ಔಷಧಿಯ ಹೆಸರು ಮತ್ತು ಮಿ.ಗ್ರಾಂ. ಕನ್ನಡದಲ್ಲೂ ಬರೆದ ಚೀಟಿ ಕೊಡುತ್ತೇವೆ. ಕಾರ್ಕಳದ ಮೆಡಿಕಲ್‌ನಲ್ಲೋ ಕುಂದಾಪುರದಲ್ಲೋ ಅದೇ ಮಾತ್ರೆ ಸಿಗಬೇಕಲ್ಲ.

ಗಂಟಲುನೋವಿಗೆ ಬಂದಾಗ ವಾದ ಬಿಸಿಯಾಯಿತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರು, "ನಾನು ಇಂಜೆಕ್ಷನ್ ಕೊಡದಿದ್ರೆ ಅವನು ಎದುರಿನ ದವಾಖಾನೆಗೆ ಹೋಗ್ತಾನೆ ಡಾಕ್ಟ್ರೆ. ಆಮೇಲೆ ಗೈಡ್‌ಲೈನ್ ಯಾರಿಗೆ ಓದಿ ಹೇಳ್ಲಿ?" ಎಂದರು. ಅವರ ಮಾತನ್ನು ನಾನು ಗೌರವದಿಂದಲೇ ಕೇಳಿಸಿಕೊಂಡೆ, ಏಕೆಂದರೆ ತಮ್ಮ ದವಾಖಾನೆಯ ಬಾಡಿಗೆ ಕಟ್ಟಬೇಕಾದವರು ಅವರೇ. ಅದಕ್ಕೆ ಗೈಡ್‌ಲೈನ್ ಬದಿಗಿಟ್ಟು, ಒಬ್ಬರು ರೋಗಿಯಾಗಿ ಇನ್ನೊಬ್ಬರು ವೈದ್ಯರಾಗಿ ಮಾತಾಡಿ ನೋಡಿದೆವು. "ನಾಳೆ ಡ್ಯೂಟಿ ಉಂಟು, ಒಂದು ಇಂಜೆಕ್ಷನ್ ಹಾಕಿಬಿಡಿ" ಎಂದವರಿಗೆ "ಬೇಡ" ಎಂದಷ್ಟೇ ಹೇಳಿದರೆ ಅವರು ನಿಲ್ಲುವುದಿಲ್ಲ. ಟಾರ್ಚ್ ಹಾಕಿ ಗಂಟಲು ನೋಡುತ್ತ, ಕತ್ತು ಮುಟ್ಟುತ್ತ, ಕಂಡದ್ದನ್ನು ಕಂಡ ಹಾಗೆ ಹೇಳುತ್ತ ಹೋದರೆ ಕೇಳುತ್ತಾರೆ: "ಗಂಟಲಲ್ಲಿ ಕೀವಿಲ್ಲ, ಕತ್ತಿನ ಗಂಟು ನೋಯ್ತಿಲ್ಲ, ಜೊತೆಗೆ ಕೆಮ್ಮು ನೆಗಡಿ ಉಂಟು. ಇದು ವೈರಸ್. ಆ್ಯಂಟಿಬಯೋಟಿಕ್ ಇದಕ್ಕೆ ತಾಗುವುದಿಲ್ಲ. ನಾಳಿದ್ದಿಗೂ ಜ್ವರ ಇದ್ರೆ ಬನ್ನಿ, ಫೀಸ್ ಬೇಡ." ಆ ಕೊನೆಯ ಮಾತಿಗೆ ತೂಕ ಹೆಚ್ಚು. ಆ ಹಿರಿಯರು ಅದನ್ನು ತುಳುವಿನಲ್ಲಿ, ಮರಾಠಿಯಲ್ಲಿ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಮಳೆಗಾಲದ ಜ್ವರದ ಚರ್ಚೆಯನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳುತ್ತೇವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದ ಮೇಲೆ ಮುಂಬಯಿ ಲೆಪ್ಟೊಸ್ಪೈರೋಸಿಸ್ಸನ್ನು (ಇಲಿಜ್ವರ) ಕಂಡ ರೀತಿ ನಮ್ಮ ಪೀಳಿಗೆಯ ವೈದ್ಯರಿಗೆ ಮರೆಯುವಂಥದ್ದಲ್ಲ. ಮೊಣಕಾಲುದ್ದ ನೀರಲ್ಲಿ ನಡೆದಿರಾ, ಕಾಲಲ್ಲಿ ಗಾಯವಿತ್ತೇ ಎಂದು ಕೇಳಬೇಕು. ಮೀನಖಂಡ ಒತ್ತಿ ನೋಡಬೇಕು, ಕಣ್ಣು ಕೆಂಪಾಗಿದೆಯೇ ನೋಡಬೇಕು. ನೀರಲ್ಲಿ ನಡೆದ ವಯಸ್ಕರಿಗೆ 72 ಗಂಟೆಯೊಳಗೆ ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ. ಕೊಡಿ ಎಂದು ಮಹಾನಗರಪಾಲಿಕೆಯೇ ಹೇಳುತ್ತದೆ. ಗರ್ಭಿಣಿಯರಿಗೆ, ಎಂಟರೊಳಗಿನ ಮಕ್ಕಳಿಗೆ ಅದರ ಬದಲು ಅಜಿತ್ರೋಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್. ಡೆಂಗಿಯಲ್ಲಿ ಮನೆಯವರ ಕಣ್ಣೆಲ್ಲ ಪ್ಲೇಟ್‌ಲೆಟ್ ಮೇಲೆ. ಜ್ವರ ಇಳಿಯುವ ದಿನವೇ ಅಪಾಯದ ದಿನ ಎಂದು ನಾವು ಬಿಡಿಸಿ ಹೇಳುತ್ತೇವೆ: ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ. ಬ್ರೂಫೆನ್‌ನಂಥ ನೋವಿನ ಮಾತ್ರೆ ಮುಟ್ಟಕೂಡದು.

ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ. ಇಲ್ಲಿ ನನ್ನ ಹಟ ಜಾಸ್ತಿ ಎಂದು ಸ್ನೇಹಿತರು ಹೇಳುತ್ತಾರೆ, ಹೇಳಲಿ. ಕೆಮ್ಮಿಗೆಂದು ಲಿವೋಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಬರೆದರೆ ಟಿಬಿಯ ರೋಗಿಗೂ ನಾಲ್ಕು ದಿನ ಹಾಯೆನಿಸುತ್ತದೆ. ಆದರೆ ರೋಗ ಪತ್ತೆಯಾಗುವುದು ತಡವಾಗುತ್ತದೆ, ಟಿಬಿಗೆ ಮುಂದೆ ಬೇಕಾಗಬಹುದಾದ ಆ ಔಷಧಿಯೂ ನಾಟದೆ ಕೈತಪ್ಪಬಹುದು. ಅಷ್ಟರಲ್ಲಿ ಅವರು ಹತ್ತಾರು ಜನ ಒಟ್ಟಿಗೆ ಮಲಗುವ ಕೋಣೆಯಲ್ಲಿ ಕೆಮ್ಮುತ್ತಿರುತ್ತಾರೆ. ಖಾಸಗಿ ವೈದ್ಯರೂ ಟಿಬಿಯನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಸರ್ಕಾರದ ಟಿಬಿ ಪೋರ್ಟಲ್ ನಿಕ್ಷಯ್‌ನಲ್ಲಿ ಹೆಸರು ಹತ್ತಿಸಿದರೆ ನಮ್ಮ ರೋಗಿಗೂ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಸಿಗುತ್ತದೆ. 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಕೆಲಸ ಬಿಟ್ಟು ಕೂತ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ.

ಗಜಕರ್ಣಕ್ಕೆ ಬಂದವರನ್ನು "ಹಚ್ಚುತ್ತಿರುವ ಟ್ಯೂಬ್ ತನ್ನಿ" ಎನ್ನುತ್ತೇವೆ. ಬರುವ ಟ್ಯೂಬ್‌ನಲ್ಲಿ ಬಹುಪಾಲು ಸ್ಟೀರಾಯ್ಡ್ ಬೆರೆತಿರುತ್ತದೆ. ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಹಬ್ಬುತ್ತದೆ, ಅಂಚು ಮಾಸಿ ಗುರುತೇ ಸಿಗದಂತಾಗುತ್ತದೆ. 2018ರಿಂದ ಇವಕ್ಕೆ ವೈದ್ಯರ ಚೀಟಿ ಬೇಕು, ಆದರೂ ಕೇಳಿದರೆ ಸಿಗುತ್ತದೆ. ಒಲೆಯ ಮುಂದೆ ಬೆವರಿ ನಿಲ್ಲುವವರಿಗೆ ಒಳಉಡುಪು ಬಿಸಿಲಲ್ಲಿ ಒಣಗಿಸಿ, ಟವೆಲ್ ಹಂಚಿಕೊಳ್ಳಬೇಡಿ ಎಂದರೆ ಸಾಲದು. ಅವರು ಮಲಗುವ ಕೋಣೆಯಲ್ಲಿ ತುರಿಕೆ ಇರುವ ಎಲ್ಲರನ್ನೂ ಒಟ್ಟಿಗೆ ಕರೆಸಬೇಕು. ಹಾಗೆ ಕರೆಸಲು ಒಪ್ಪಿದ ಹೋಟೆಲ್ ಮಾಲೀಕರೂ ಇದ್ದಾರೆ.

ಮೂರು ತಿಂಗಳ ನಂತರ ಅದೇ ಕಾಯಿಲೆಯ ಹೊಸ ಕೇಸ್ ಪೇಪರ್ ಮತ್ತೆ ತರುತ್ತೇವೆ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರಿಯ ಮಾತಾಗುತ್ತದೆ ಎಂದು ನನಗೆ ಅನ್ನಿಸಿದೆ. ಬಿಪಿಯ ಅಂಕಿಗಳು ಈಗ 2, 4, 6, 8ರಲ್ಲೂ ಮುಗಿಯುತ್ತಿವೆ. ಗಂಟಲುನೋವಿನ ಚೀಟಿಗಳಲ್ಲಿ ಅಜಿತ್ರೋಮೈಸಿನ್ ಕಡಿಮೆಯಾಗಿದೆ, ಆದರೆ ಶನಿವಾರ ಸಂಜೆಯ ಜನಜಂಗುಳಿಯಲ್ಲಿ ಮತ್ತೆ ಏರುತ್ತದೆ. ಅದಕ್ಕೆ ಏನು ಮಾಡಬೇಕೆಂದು ಇನ್ನೂ ಚರ್ಚೆ ನಡೆದಿದೆ.

ಈಗ ಹಿಡಿದಿರುವುದು ಆಸ್ತಮಾ. ವಯಸ್ಕರಿಗೆ ಉಸಿರನ್ನು ತಕ್ಷಣ ಸಡಿಲಿಸುವ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಕಳಿಸಬಾರದು ಎಂದು ಜಾಗತಿಕ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಔಷಧಿಯಿಲ್ಲದ ಇನ್‌ಹೇಲರ್ ಹಿಡಿದು ನಮ್ಮಲ್ಲೇ ಒಬ್ಬೊಬ್ಬರಾಗಿ ಎಳೆದು ತೋರಿಸುತ್ತಿದ್ದೇವೆ. ಮುಂದಿನ ಸರದಿ ಹೆಂಗಸರ ರಕ್ತಹೀನತೆ ಎಂದು ಮುಲುಂಡಿನ ಗೆಳತಿ ಹೇಳಿದ್ದಾರೆ, ಅದರ ಕೇಸ್ ಪೇಪರ್ ತೆಗೆದಿಡಲು ನನ್ನ ಕಾಂಪೌಂಡರ್‌ಗೆ ಈ ವಾರವೇ ಹೇಳಿಟ್ಟಿದ್ದೇನೆ.