ಮೂರು ತಿಂಗಳ ಹಿಂದೆ ಏನಾಗಿತ್ತು? ಕೂದ್ಲು ಉದುರಿದಾಗ ನನ್ನ ಅನುಭವ

ಮೈಸೂರಿನ ಸರಸ್ವತಿಪುರಂನಿಂದ ಮಂಡ್ಯಕ್ಕೆ ಮನೆ ಬದಲಾಯಿಸಿದ್ದು 2022ರ ಡಿಸೆಂಬರ್‌ನಲ್ಲಿ. ನಮ್ಮೆಜಮಾನ್ರಿಗೆ ಇಲ್ಲಿಗೆ ಟ್ರಾನ್ಸ್‌ಫರ್ ಆಯ್ತು, ನಂಗೂ ಒಂದು ಹೈಸ್ಕೂಲಲ್ಲಿ ಗಣಿತ ಹೇಳೋ ಕೆಲಸ ಸಿಕ್ತು. ಬಾಡಿಗೆ ಮನೆಗೆ ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಲ್ಲೆಲ್ಲ ಬಿಳಿ ಕಲೆ ಕಟ್ಟೋ ಅಂಥ ಗಡಸು ನೀರು. ಸಂಕ್ರಾಂತಿಗೆ ಎಣ್ಣೆ ಹಚ್ಕೊಂಡು ತಲೆಗೆ ಸ್ನಾನ ಮಾಡಿದ ದಿನ ಬಚ್ಚಲ ಜಾಲರಿ ಕಟ್ಕೊಂಡು ನೀರು ಹೋಗ್ಲೇ ಇಲ್ಲ, ಬಗ್ಗಿ ತೆಗೆದ್ರೆ ಕೈತುಂಬ ಕೂದ್ಲು. ಅವತ್ತು ಬಾಗಿಲು ಹಾಕ್ಕೊಂಡು ಅಲ್ಲೇ ಅತ್ತಿದ್ದೀನಿ. ನಮ್ಮತ್ತೆ ಊರಿಂದ ಬಂದಿದ್ರು, ಅವ್ರು ನೋಡಿದ ತಕ್ಷಣ ಹೇಳಿದ್ದು, "ಮೈಸೂರಲ್ಲಿ ಕಾವೇರಿ ನೀರಲ್ಲಿ ಮಿಂದೋಳು ನೀನು, ಈ ಬೋರ್ ನೀರು ನಿಂಗೆ ಆಗ್ತಿಲ್ಲ ಕಣವ್ವ". ನಂಗೂ ಅದೇ ಸರಿ ಅನ್ನಿಸ್ತು, ಯಾಕಂದ್ರೆ ಮನೆ ಬದಲಾಯ್ಸಿದ್ದು, ನೀರು ಬದಲಾಗಿದ್ದು, ಕೂದ್ಲು ಉದುರಿದ್ದು ಮೂರೂ ಒಂದರ ಹಿಂದೆ ಒಂದು ಆಗಿತ್ತಲ್ಲ.

ಅಲ್ಲಿಂದ ಎರಡು ತಿಂಗಳು ನಾನು ಮಾಡಿದ್ದೆಲ್ಲ ನೀರಿನ ಮೇಲಿನ ಯುದ್ಧ. 2,200 ರೂಪಾಯಿ ಕೊಟ್ಟು ನಲ್ಲಿಗೆ ಫಿಲ್ಟರ್ ಹಾಕ್ಸಿದ್ದು, ಕುಡಿಯೋ ಕ್ಯಾನ್ ನೀರಲ್ಲಿ ತಲೆ ತೊಳ್ದಿದ್ದು, ಈರುಳ್ಳಿ ರಸ ಹಚ್ಚಿ ಕಣ್ಣುರಿ ತಂದ್ಕೊಂಡಿದ್ದು, 900 ರೂಪಾಯಿಯ ಎಣ್ಣೆ ಬಾಟ್ಲಿ ಎರಡು ಖಾಲಿ ಮಾಡಿದ್ದು. ಈಗ ಗೊತ್ತಿರೋದನ್ನ ಹೇಳ್ತೀನಿ, ಗಡಸು ನೀರು ಕೂದ್ಲನ್ನ ಒರಟು ಮಾಡುತ್ತೆ, ಸಿಕ್ಕು ಜಾಸ್ತಿ ಆಗುತ್ತೆ, ಮಧ್ಯದಲ್ಲಿ ತುಂಡಾಗಬಹುದು, ಆದ್ರೆ ಬುಡದಿಂದ ಹೀಗೆ ಗೊಂಚಲು ಗೊಂಚಲಾಗಿ ಬೀಳಿಸಲ್ಲ. ತುಂಡಾದ ಕೂದ್ಲು ಗಿಡ್ಡ ಇರುತ್ತೆ, ಎರಡೂ ತುದಿ ಒಂದೇ ತರ. ನಂದು ಪೂರ್ತಿ ಉದ್ದದ್ದು, ಒಂದು ತುದಿಗೆ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಗುಬುಟು. ಅದನ್ನ ನೋಡಿ ಬೇರು ಸಮೇತ ಕಿತ್ಕೊಂಡು ಬಂತು ಅಂತ ಇನ್ನೂ ಜಾಸ್ತಿ ಹೆದರಿದ್ದೆ.

ಆಮೇಲೆ ಒಂದು ಕ್ಲಿನಿಕ್ಕಿಗೂ ಹೋದೆ, ಹೆಸರು ಬೇಡ. ಡಾಕ್ಟ್ರನ್ನ ನೋಡೋಕೆ ಮುಂಚೆನೇ ಒಬ್ಬ ಹುಡುಗಿ ಕೂರಿಸ್ಕೊಂಡು ನೆತ್ತಿಯ ಫೋಟೊ ತೆಗೆದು ದೊಡ್ಡ ಸ್ಕ್ರೀನಲ್ಲಿ ತೋರ್ಸಿ, ಆರು ಸಿಟ್ಟಿಂಗ್ ಪಿಆರ್‌ಪಿ, 36 ಸಾವಿರ, ಇವತ್ತೇ ಕಟ್ಟಿದ್ರೆ ಡಿಸ್ಕೌಂಟು ಅಂದ್ಳು. 5 ಸಾವಿರ ಅಡ್ವಾನ್ಸ್ ಕಟ್ಟಿ ಬಂದೆ, ಆ ದುಡ್ಡು ವಾಪಸ್ ಬರ್ಲಿಲ್ಲ. ಪಿಆರ್‌ಪಿ ಅಂದ್ರೆ ನಮ್ಮದೇ ರಕ್ತ ತೆಗೆದು, ಮಷೀನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರೋ ಭಾಗನ ನೆತ್ತಿಗೆ ಚುಚ್ಚೋದು. ಕೆಲವು ಜನಕ್ಕೆ, ಕೆಲವು ತರದ ಉದುರುವಿಕೆಗೆ ಉಪಯೋಗ ಆಗುತ್ತೆ ಅಂತಾರೆ, ನಾನು ಅದನ್ನ ಸುಳ್ಳು ಅಂತ ಹೇಳ್ತಿಲ್ಲ. ನನ್ನ ಬೇಜಾರು ಬೇರೆ. ಅಲ್ಲಿ ಒಬ್ರೂ ನಂಗೆ ಜ್ವರ ಬಂದಿತ್ತಾ, ಮುಟ್ಟು ಹೇಗಿದೆ, ಏನು ಊಟ ಮಾಡ್ತೀರ ಅಂತ ಕೇಳ್ಲೇ ಇಲ್ಲ.

ಕೇಳಿದ್ದು ಮಂಡ್ಯ ಮಿಮ್ಸ್ ಆಸ್ಪತ್ರೆಯ ಚರ್ಮದ ಡಾಕ್ಟ್ರು. ಸ್ಕೂಲಿನ ಒಬ್ರು ಟೀಚರ್ ಒತ್ತಾಯ ಮಾಡಿ ಕರ್ಕೊಂಡು ಹೋದ್ರು, ಬೆಳಿಗ್ಗೆ ಚೀಟಿ ಮಾಡ್ಸಿ ಕಾದು ಕೂತ್ವಿ. ಡಾಕ್ಟ್ರಮ್ಮ ತಲೆ ಮುಟ್ಟೋಕೆ ಮುಂಚೆ ಕೇಳಿದ ಮೊದಲ ಪ್ರಶ್ನೆ, "ಉದುರೋಕೆ ಶುರು ಆಗೋಕೆ ಎರಡ್ಮೂರು ತಿಂಗಳು ಹಿಂದೆ ಏನಾಗಿತ್ತು ಮೇಡಂ?" ನಾನು ಮನೆ ಬದಲಾಯ್ಸಿದ್ವಿ ಅಂದೆ. "ಅದು ಉದುರೋಕೆ ಒಂದೇ ತಿಂಗಳು ಮುಂಚೆ ಆಗಿದ್ದಲ್ಲ, ಅದಕ್ಕೂ ಮುಂಚೆ?" ಅಂದ್ರು. ಆಗ ನೆನಪಾಯ್ತು, ದಸರಾ ಮುಗಿದ ವಾರ ನಂಗೆ ಡೆಂಗ್ಯೂ ಬಂದು ಎಂಟು ದಿನ ಮಲಗಿದ್ದೆ, ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದಿತ್ತು, ಹದಿನೈದು ದಿನ ಗಂಜಿ ಬಿಟ್ರೆ ಏನೂ ಸೇರ್ತಿರ್ಲಿಲ್ಲ. ಅಕ್ಟೋಬರ್‌ನಿಂದ ಜನವರಿಗೆ ಎಣಿಸಿದ್ರೆ ಸರಿಯಾಗಿ ಮೂರು ತಿಂಗಳು. ಗಣಿತ ಹೇಳ್ಕೊಡೋ ನಂಗೆ ಈ ಲೆಕ್ಕ ಹೊಳ್ದಿರ್ಲಿಲ್ಲ.

ಅವ್ರು ಹೇಳಿದ್ದನ್ನ ನಂಗೆ ಅರ್ಥ ಆದ ಹಾಗೆ ಬರೀತೀನಿ. ತಲೇಲಿ ಸುಮಾರು ಒಂದು ಲಕ್ಷ ಕೂದ್ಲು ಇರುತ್ತೆ, ಪ್ರತಿಯೊಂದೂ ಅದರದ್ದೇ ಸರದೀಲಿ ಎರಡರಿಂದ ಆರು ವರ್ಷ ಬೆಳೆಯುತ್ತೆ, ಆಮೇಲೆ ಒಂದೆರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸಿ, ಮೂರು ತಿಂಗಳ ಹತ್ರ ಸುಮ್ನೆ ವಿಶ್ರಾಂತಿ ತಗೊಂಡು ಬಿದ್ದು ಹೋಗುತ್ತೆ, ಅದೇ ಬುಡದಿಂದ ಹೊಸದು ಬರುತ್ತೆ. ಯಾವಾಗ್ಲೂ ನೂರಕ್ಕೆ ಹತ್ತು ಹದಿನೈದು ಮಾತ್ರ ವಿಶ್ರಾಂತೀಲಿ ಇರೋದ್ರಿಂದ ದಿನಕ್ಕೆ 50ರಿಂದ 100 ಉದುರೋದು ಮಾಮೂಲಿ. ಮೈಗೆ ದೊಡ್ಡ ಪೆಟ್ಟು ಬಿದ್ರೆ, ಅಂದ್ರೆ ಜೋರು ಜ್ವರ, ಟೈಫಾಯ್ಡ್, ಆಪರೇಷನ್ನು, ಹೆರಿಗೆ, ಊಟ ಬಿಟ್ಟು ಸಣ್ಣ ಆಗೋದು, ಇಂಥದ್ದಾದ್ರೆ ಬೆಳೀತಿರೋ ಕೂದಲಲ್ಲಿ ಬಹಳಷ್ಟು ಒಟ್ಟಿಗೆ ವಿಶ್ರಾಂತಿಗೆ ಹೋಗ್ಬಿಡುತ್ತೆ, ಆಮೇಲೆ ಒಟ್ಟಿಗೇ ಬೀಳುತ್ತೆ. ಇದಕ್ಕೆ ಟೆಲೋಜನ್ ಎಫ್ಲೂವಿಯಂ ಅಂತ ಹೆಸರು, 1961ರಲ್ಲಿ ಆಲ್ಬರ್ಟ್ ಕ್ಲಿಗ್ಮನ್ ಅನ್ನೋ ಅಮೆರಿಕದ ಚರ್ಮವೈದ್ಯರು ವಿವರಿಸಿದ್ದು. ಅಂದ್ರೆ ಇವತ್ತು ಬಾಚಣಿಗೆಗೆ ಬರ್ತಿರೋದು ಇವತ್ತಿನ ಸುದ್ದಿ ಅಲ್ಲ, ಮೂರು ತಿಂಗಳ ಹಳೇ ಸುದ್ದಿ. ಆ ಬಿಳಿ ಗುಬುಟು ಬೇರೂ ಅಲ್ಲ, ವಿಶ್ರಾಂತಿ ಮುಗಿಸಿದ ಕೂದಲಿನ ತುದಿ ಅಷ್ಟೇ, ಬೇರು ಚರ್ಮದೊಳಗೇ ಇರುತ್ತೆ. ಇದನ್ನ ಕೇಳಿದ ರಾತ್ರಿ ನಾನು ಎಷ್ಟೋ ದಿನ ಆದ್ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಅವ್ರು ಬೆರಳಲ್ಲಿ ಐವತ್ತು ಅರವತ್ತು ಕೂದ್ಲು ಹಿಡ್ದು ಮೆಲ್ಲಗೆ ಎಳೆದು ನೋಡಿದ್ರು, ಐದಾರಕ್ಕಿಂತ ಜಾಸ್ತಿ ಬಂದ್ರೆ ಉದುರುವಿಕೆ ಇನ್ನೂ ಜೋರಾಗಿದೆ ಅಂತ ಅರ್ಥ, ನಂಗೆ ಒಂಬತ್ತು ಬಂತು. ರಕ್ತ ಪರೀಕ್ಷೆಗೆ ಬರೆದು ಕೊಡೋವಾಗ ಏನಾದ್ರೂ ಮಾತ್ರೆ ತಗೋತಿದ್ದೀರ ಅಂತ ಕೇಳಿದ್ರು, ಬಯೋಟಿನ್ ಅನ್ನೋ ವಿಟಮಿನ್ನಿನ ಗಮ್ಮಿ (ಜೆಲ್ಲಿ ಮಿಠಾಯಿ ತರದ್ದು) ತಿಂತಿದ್ದೀನಿ ಅಂದೆ. ಅದನ್ನ ನಿಲ್ಸಿ ಒಂದು ವಾರ ಬಿಟ್ಟು ರಕ್ತ ಕೊಡಿ ಅಂದ್ರು. ಜಾಸ್ತಿ ಬಯೋಟಿನ್ ರಕ್ತದಲ್ಲಿದ್ರೆ ಥೈರಾಯ್ಡ್ ತರದ ಕೆಲವು ಪರೀಕ್ಷೆಗಳ ರಿಸಲ್ಟ್ ತಪ್ಪು ಬರುತ್ತೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ, ಯಾಕಂದ್ರೆ ಕೂದ್ಲು ಉದುರೋರೆಲ್ಲ ಮೊದ್ಲು ಕೊಳ್ಳೋದೇ ಬಯೋಟಿನ್ನು, ಅದರ ಕೊರತೆ ನಿಜವಾಗ್ಲೂ ಇರೋರು ಬಹಳ ಕಮ್ಮಿ.

ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 11.4. ಫೆರಿಟಿನ್ ಮಾತ್ರ 11, ಅಂದ್ರೆ ಮೈಯಲ್ಲಿ ಕೂಡಿಟ್ಟಿರೋ ಕಬ್ಬಿಣ ತಳ ಮುಟ್ಟಿತ್ತು. ಲ್ಯಾಬ್ ರಿಪೋರ್ಟಲ್ಲಿ ಅದನ್ನೂ ನಾರ್ಮಲ್ ಅಂತಲೇ ಹಾಕಿದ್ರು, ಆದ್ರೆ ಡಾಕ್ಟ್ರು ಕೂದಲ ವಿಷಯಕ್ಕೆ 40 ದಾಟಿದ್ರೆ ನಂಗೆ ಸಮಾಧಾನ ಅಂದ್ರು. ಕಬ್ಬಿಣದ ಮಾತ್ರೆ ನುಂಗೋದಕ್ಕಿಂತ ಕಷ್ಟ ಆಗಿದ್ದು ಕಾಫಿ ಬಿಡೋದು. ಮಾತ್ರೆ ಜೊತೆ ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಹೋದ್ರೆ ಕಬ್ಬಿಣ ಸರಿಯಾಗಿ ಹೀರ್ಕೊಳ್ಳಲ್ಲ, ಎರಡು ಗಂಟೆ ಅಂತರ ಬೇಕು, ನಿಂಬೆರಸದ ಜೊತೆ ತಗೊಂಡ್ರೆ ಒಳ್ಳೇದು. ಬೆಳಿಗ್ಗೆ ಎದ್ದ ತಕ್ಷಣದ ಕಾಫಿ ಹತ್ತು ಗಂಟೆಗೆ ಹೋಯ್ತು. ನಮ್ಮತ್ತೆ ಮುದ್ದೆ, ಸೊಪ್ಪಿನ ಬಸ್ಸಾರು ತಿಂದ್ರೆ ಸಾಕಲ್ಲ ಅಂದ್ರು, ಊಟಕ್ಕೆ ಅದು ಒಳ್ಳೇದೇ, ಆದ್ರೆ ರಾಗಿ, ಸೊಪ್ಪಿನಲ್ಲಿರೋ ಕಬ್ಬಿಣ ಮೈಗೆ ಹತ್ತೋದು ಸ್ವಲ್ಪವೇ, ಅದಕ್ಕೆ ಬಸ್ಸಾರಿಗೂ ನಿಂಬೆಹಣ್ಣು ಹಿಂಡ್ಕೊಳ್ಳೋ ಅಭ್ಯಾಸ ಮಾಡ್ಕೊಂಡೆ. ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ಕಟ್ಟೋದು, ಮಲ ಕಪ್ಪಗಾಗೋದು ಇದ್ದೇ ಇರುತ್ತೆ, ಹೆದರಿ ಬಿಡ್ಬೇಡಿ, ತಡ್ಕೊಳ್ಳೋಕೆ ಆಗದಿದ್ರೆ ಡಾಕ್ಟ್ರಿಗೆ ಹೇಳಿ ಬೇರೆ ಮಾತ್ರೆ ಬರೆಸ್ಕೊಳ್ಳಿ.

ಲೆಕ್ಕ ಇಡೋದನ್ನೂ ಆಗ್ಲೇ ಶುರು ಮಾಡಿದ್ದು. ವಾರಕ್ಕೊಂದು ದಿನ ತಲೆ ಸ್ನಾನಕ್ಕೆ ಮುಂಚೆ ಬಿಳಿ ಹಾಳೆ ಮೇಲೆ ತಲೆ ಬಗ್ಗಿಸಿ ಸರಿಯಾಗಿ ಒಂದು ನಿಮಿಷ ಬಾಚಿ ಬಿದ್ದಿದ್ದನ್ನ ಎಣಿಸೋದು. ಮಾರ್ಚ್ ಮೊದಲ ವಾರ 84, ಏಪ್ರಿಲ್‌ನಲ್ಲಿ 51, ಮೇ ಕೊನೆಗೆ 17. ಜೊತೆಗೆ ತಿಂಗಳ ಮೊದಲ ಭಾನುವಾರ ಅಡುಗೆಮನೆ ಕಿಟಕಿ ಹತ್ರ, ಅದೇ ಹೊತ್ತಿಗೆ, ಒಣಗಿದ ತಲೆ, ಅದೇ ಬೈತಲೆ, ಒಂದು ಫೋಟೊ. ಕನ್ನಡಿ ದಿನಕ್ಕೊಂದು ಮಾತು ಹೇಳುತ್ತೆ, ಅವತ್ತಿನ ನಮ್ಮ ಮನಸ್ಸು ಹೇಗಿದ್ಯೋ ಹಾಗೆ, ಫೋಟೊ ಹಾಗಲ್ಲ.

ಜೂನ್ ಹೊತ್ತಿಗೆ ಹಣೆ ಅಂಚಲ್ಲೆಲ್ಲ ಮರಿಕೂದ್ಲು ನಿಂತ್ಕೊಂಡಿತ್ತು, ಸ್ಕೂಲಲ್ಲಿ ಮಕ್ಕಳು ಮಿಸ್ ನಿಮ್ಮ ಕೂದ್ಲು ನಿಂತ್ಕೊಂಡಿದೆ ಅಂದಾಗ ನಂಗಾದ ಸಂತೋಷ ಅವಕ್ಕೆ ಗೊತ್ತಾಗಿರಲ್ಲ. ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಆದ್ರೆ ಫೋಟೊಗಳನ್ನ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಸುತ್ತ ಎಲ್ಲ ಕಡೆ ತುಂಬ್ಕೊಂಡಿದೆ, ಬೈತಲೆ ಮಾತ್ರ ಅಗಲವಾಗೇ ಇದೆ, ಅದೂ ಮುಂದೆ ಜಾಸ್ತಿ ಹಿಂದೆ ಕಮ್ಮಿ. ಆಗಸ್ಟಲ್ಲಿ ಮತ್ತೆ ಹೋದೆ. ಡರ್ಮೋಸ್ಕೋಪ್ ಅನ್ನೋ ಚಿಕ್ಕ ಭೂತಗನ್ನಡಿ ಇಟ್ಟು ನೋಡಿ, ಇಲ್ಲಿ ದಪ್ಪ ಕೂದಲ ಪಕ್ಕದಲ್ಲೇ ನವಿರು ಕೂದ್ಲು ಇದೆ, ಹಿಂದೆ ಕತ್ತಿನ ಹತ್ರ ಎಲ್ಲ ಒಂದೇ ದಪ್ಪ, ಇದು ವಂಶದಿಂದ ಬರೋ ತರದ್ದು, ಜ್ವರ ಅದನ್ನ ಬೇಗ ಕಾಣೋ ಹಾಗೆ ಮಾಡ್ತು ಅಷ್ಟೇ ಅಂದ್ರು. ನಮ್ಮಮ್ಮನ ಬೈತಲೆ ನೆನಪಾಯ್ತು, ಅವ್ರು ಐವತ್ತಾದ್ಮೇಲೆ ಹೂ ಮುಡಿಯೋಕೆ ಜಡೆ ಸಾಲಲ್ಲ ಅಂತಿದ್ರು. ಹೀಗೆ ಎರಡು ತರದ್ದು ಒಟ್ಟಿಗೆ ಇರಬಹುದು ಅಂತ ನಂಗೆ ಯಾರೂ ಹೇಳಿರ್ಲಿಲ್ಲ, ಜ್ವರದ್ದು ತಾನಾಗೇ ವಾಪಸ್ ಬರುತ್ತೆ, ವಂಶದ್ದು ತಾನಾಗೇ ಬರಲ್ಲ.

ಅದಕ್ಕೆ ಮಿನಾಕ್ಸಿಡಿಲ್ ಬರೆದ್ರು. ಇದು ಮೊದ್ಲು ಬಿಪಿ ಮಾತ್ರೆಯಾಗಿ ಬಂದಿದ್ದು, ನುಂಗಿದೋರಿಗೆ ಮೈಮೇಲೆಲ್ಲ ಕೂದ್ಲು ಬೆಳೆಯೋಕೆ ಶುರುವಾಯ್ತು, ಆಮೇಲೆ ಹಚ್ಚೋ ಔಷಧಿ ಮಾಡಿದ್ರು, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಹೆಂಗಸರಿಗೆ ಸಾಮಾನ್ಯವಾಗಿ 2% ದಿನಕ್ಕೆರಡು ಸಲ, ಇಲ್ಲಾಂದ್ರೆ 5% ಫೋಮ್ ಒಂದು ಸಲ. ನಾನು 2% ದ್ರವದಿಂದ ಶುರು ಮಾಡಿದೆ, ಒಂದು ಎಂಎಲ್, ಒಣಗಿದ ತಲೆಗೆ, ಕೂದಲಿಗಲ್ಲ ಚರ್ಮಕ್ಕೆ. ತುರಿಕೆ, ಹೊಟ್ಟಿನ ತರ ಪುಡಿ ಶುರುವಾಯ್ತು, ಆ ದ್ರವದಲ್ಲಿರೋ ಪ್ರೊಪಿಲೀನ್ ಗ್ಲೈಕಾಲ್ ಕೆಲವ್ರಿಗೆ ಆಗಲ್ಲವಂತೆ, ಫೋಮ್‌ಗೆ ಬದಲಾಯಿಸಿದ ಮೇಲೆ ನಿಂತೋಯ್ತು. ಮೂರನೇ ವಾರದಿಂದ ಮತ್ತೆ ಉದುರೋಕೆ ಶುರು! ಡಾಕ್ಟ್ರು ಮುಂಚೆನೇ ಹೇಳಿದ್ರು, ವಿಶ್ರಾಂತೀಲಿರೋ ಹಳೇ ಕೂದಲನ್ನ ಹೊಸದು ತಳ್ಳುತ್ತೆ, ಒಂದೆರಡು ತಿಂಗಳು ಹೀಗಾಗುತ್ತೆ, ಬಿಡ್ಬೇಡಿ ಅಂತ. ಹೇಳದೇ ಇದ್ದಿದ್ರೆ ಖಂಡಿತ ಬಿಟ್ಟಿರ್ತಿದ್ದೆ, ನಂಗೆ ಗೊತ್ತಿರೋ ಮೂರು ಜನ ಸರಿಯಾಗಿ ಈ ಹಂತದಲ್ಲೇ ಬಿಟ್ಟಿದ್ದಾರೆ.

ಕೆನ್ನೆ ಪಕ್ಕ ಸಣ್ಣ ನವಿರು ಬಂತು, ರಾತ್ರಿ ಹಚ್ಚಿದ ತಕ್ಷಣ ಮಲಗಿ ದಿಂಬಿನಿಂದ ಮುಖಕ್ಕೆ ತಾಗ್ತಿತ್ತು. ಮಲಗೋಕೆ ಎರಡು ಗಂಟೆ ಮುಂಚೆ ಹಚ್ಚಿ, ಕೈ ಸೋಪ್ ಹಾಕಿ ತೊಳೆಯೋಕೆ ಶುರು ಮಾಡಿದ ಮೇಲೆ ಕಮ್ಮಿ ಆಯ್ತು. ಮನೇಲಿ ಬೆಕ್ಕಿದ್ರೆ ತುಂಬಾ ಹುಷಾರು, ಮಿನಾಕ್ಸಿಡಿಲ್ ನೆಕ್ಕಿದ್ರೆ ಬೆಕ್ಕಿನ ಪ್ರಾಣಕ್ಕೇ ಅಪಾಯ. ಐದನೇ ತಿಂಗಳ ಫೋಟೊದಲ್ಲಿ ಮೊದಲ ಸಲ ಬೈತಲೆ ಕಿರಿದಾಗಿದ್ದು ಕಾಣ್ತು, ವರ್ಷ ಆದಾಗ ಹಳೇ ಜಡೆಯ ಮುಕ್ಕಾಲು ಪಾಲು ವಾಪಸ್ ಬಂದಿತ್ತು. ಪೂರ್ತಿ ಬರ್ಲಿಲ್ಲ.

ನನ್ನ ತಮ್ಮನ ವಿಷಯ ಹೇಳ್ಲೇಬೇಕು, ಮೈಸೂರಲ್ಲಿ ಹೆಬ್ಬಾಳದ ಹತ್ರ ಕಂಪನೀಲಿ ಕೆಲಸ, 27 ವರ್ಷಕ್ಕೆ ಹಣೆಯ ಎರಡೂ ಮೂಲೆ ಹಿಂದಕ್ಕೆ ಹೋಗಿದೆ, ಹೆಲ್ಮೆಟ್ಟಿಂದ ಆಗಿದ್ದು ಅಂತ ಅವನ ವಾದ. ಹೆಲ್ಮೆಟ್ ತೆಗೆದು ಗಾಡಿ ಓಡಿಸ್ಬೇಡ ಕಣೋ, ಇದು ಹಾರ್ಮೋನು ಅಂತ ಕೂರಿಸ್ಕೊಂಡು ಹೇಳಿದೆ. ಟೆಸ್ಟೋಸ್ಟೆರಾನ್ ಅನ್ನೋ ಗಂಡಸರ ಹಾರ್ಮೋನನ್ನ ಒಂದು ಕಿಣ್ವ ಡಿಎಚ್‌ಟಿ ಅನ್ನೋ ಇನ್ನೊಂದು ಹಾರ್ಮೋನು ಮಾಡುತ್ತೆ, ವಂಶದಲ್ಲಿ ಇರೋರ ಹಣೆ, ನೆತ್ತಿಯ ಬುಡಗಳು ಅದಕ್ಕೆ ಸೊರಗಿ ಸಣ್ಣ ಆಗ್ತಾ ಹೋಗುತ್ತೆ. ತಾಯಿ ಕಡೆಯಿಂದ ಮಾತ್ರ ಬರುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ, ಎರಡೂ ಕಡೆಯಿಂದ ಬರುತ್ತೆ. ಫಿನಾಸ್ಟರೈಡ್ ಅನ್ನೋ ಔಷಧಿ ಆ ಕಿಣ್ವವನ್ನ ತಡೆಯುತ್ತೆ, ಕೂದಲಿಗೆ ಅಂತ 1 ಎಂಜಿ ಮಾತ್ರೆಗೆ 1997ರಲ್ಲಿ ಒಪ್ಪಿಗೆ ಸಿಕ್ಕಿದ್ದು. "ಅಕ್ಕ, ಅದು ತಗೊಂಡ್ರೆ ಗಂಡಸ್ತನ ಹೋಗುತ್ತಂತೆ" ಅಂತ ಬಹಳ ಕಷ್ಟಪಟ್ಟು ನನ್ನ ಹತ್ರ ಬಾಯಿಬಿಟ್ಟ. ನಾನು ಸುಳ್ಳು ಅಂತ ತಳ್ಳಿ ಹಾಕ್ಲಿಲ್ಲ. ಸ್ವಲ್ಪ ಜನಕ್ಕೆ ಆಸೆ ಕಮ್ಮಿ ಆಗೋದು, ಅಂಥ ತೊಂದರೆ ಬರುತ್ತೆ, ಹೆಚ್ಚಿನೋರಿಗೆ ಮಾತ್ರೆ ನಿಲ್ಲಿಸಿದ್ರೆ ಹೋಗುತ್ತೆ, ಕೆಲವ್ರು ಹೋಗ್ಲಿಲ್ಲ ಅಂತಲೂ ಹೇಳಿದ್ದಾರೆ, ಮನಸ್ಸು ಕುಗ್ಗೋದು, ಸಾಯೋ ಯೋಚನೆ ಬರೋದೂ ಉಂಟು, 2025ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಅದನ್ನ ಅಡ್ಡಪರಿಣಾಮ ಅಂತ ಖಚಿತ ಮಾಡಿದ್ರು. ಅವನಿಗೆ ಹಿಂದೆ ಒಂದು ಸಲ ಖಿನ್ನತೆಗೆ ಚಿಕಿತ್ಸೆ ಆಗಿತ್ತು, ಅದನ್ನ ಡಾಕ್ಟ್ರ ಮುಂದೆ ಮುಚ್ಚಿಡ್ಬೇಡ ಅಂತ ನಾನೇ ಜೊತೇಲಿ ಹೋದೆ. ಕೊನೆಗೆ ಅವ್ನು ಮಾತ್ರೆ ಬೇಡ, ಹಚ್ಚೋದು ಮಾತ್ರ ಅಂತ ತೀರ್ಮಾನ ಮಾಡ್ದ. ಇದ್ದಿದ್ದು ನಿಂತಿದೆ, ಮೂಲೆ ತುಂಬ್ಲಿಲ್ಲ, ಅವನಿಗೆ ಅದು ಸಾಕು. ಅವನ ಜೊತೆ ಕೆಲಸ ಮಾಡೋ ಹುಡುಗ ಅದೇ ಮಾತ್ರೆ ನಾಲ್ಕು ವರ್ಷದಿಂದ ಏನೂ ತೊಂದರೆ ಇಲ್ಲದೆ ತಗೋತಿದ್ದಾನೆ. ಒಂದು ಮಾತು, ಗರ್ಭಿಣಿಯರು ಆ ಮಾತ್ರೆಯ ಪುಡೀನ ಮುಟ್ಟಲೂ ಬಾರದು, ಗಂಡು ಮಗುವಿನ ಬೆಳವಣಿಗೆಗೆ ತೊಂದರೆ.

ಗುಂಡಗೆ ನಾಣ್ಯದಷ್ಟು ಜಾಗ ಬೋಳಾದ್ರೆ ನಮ್ಮ ಕಡೆ ಹುಳ ತಿಂದಿದೆ ಅಂತಾರೆ. ಅದು ಹುಳ ಅಲ್ಲ, ನಮ್ಮ ರೋಗನಿರೋಧಕ ಶಕ್ತಿಯೇ ಬುಡದ ಮೇಲೆ ಬೀಳೋದು, ಅದಕ್ಕೆ ಬೇರೆ ಚಿಕಿತ್ಸೆ. ಚಿಕ್ಕ ಮಕ್ಕಳಲ್ಲಿ ಪೊರೆ ಎದ್ದು, ತುರಿಸಿ ಹೀಗಾದ್ರೆ ಬಹಳ ಸಲ ಫಂಗಸ್, ಬರೀ ಮುಲಾಮಿಗೆ ಹೋಗಲ್ಲ, ನುಂಗೋ ಔಷಧಿ ಬೇಕು. ಏಳನೇ ಕ್ಲಾಸಿನ ಒಬ್ಬ ಹುಡುಗನಿಗೆ ಮನೇಲಿ ಮೂರು ತಿಂಗಳು ಏನೇನೋ ಉಜ್ಜಿ ಗಾಯ ಮಾಡಿದ್ರು, ನೋಡೋಕಾಗ್ದೆ ನಾನೇ ಅವರಪ್ಪನ್ನ ಕರೆಸಿ ಆಸ್ಪತ್ರೆಗೆ ಕಳ್ಸಿದೆ.

ಈಗ ನನ್ನ ಸ್ಥಿತಿ ಹೇಳಿ ಮುಗಿಸ್ತೀನಿ. ಫೆರಿಟಿನ್ 52ಕ್ಕೆ ಬಂದಿದೆ. ಮನೇಲಿ ಈಗ್ಲೂ ಅದೇ ಬೋರ್ ನೀರು. ಎರಡನೇ ಮಗು ಬೇಕು ಅಂತ ನಾವಿಬ್ರೂ ಯೋಚನೆ ಮಾಡಿದ್ವಿ, ಬಸುರಿ ಇರೋವಾಗ, ಹಾಲು ಕುಡಿಸೋವಾಗ ಮಿನಾಕ್ಸಿಡಿಲ್ ಬೇಡ ಅಂತ ಡಾಕ್ಟ್ರು ಹೇಳಿದ್ರಿಂದ ಯುಗಾದಿ ಆದ್ಮೇಲೆ ನಿಲ್ಲಿಸಿದ್ದೀನಿ. ನಿಲ್ಲಿಸಿದ್ರೆ ಮೂರ್ನಾಲ್ಕು ತಿಂಗಳಲ್ಲಿ ಅದರಿಂದ ಬಂದಿದ್ದು ಹೋಗುತ್ತೆ ಅಂತ ಗೊತ್ತಿದೆ, ಹೆರಿಗೆ ಆಗಿ ಮೂರನೇ ತಿಂಗಳಿಗೆ ಇನ್ನೊಂದು ಸಲ ಜಾಲರಿ ಕಟ್ಕೊಳ್ಳುತ್ತೆ ಅಂತಲೂ ಗೊತ್ತಿದೆ, ನಮ್ಮತ್ತೆಗೂ ಮುಂಚೆನೇ ಹೇಳಿಟ್ಟಿದ್ದೀನಿ. ಅವ್ರು "ಹೋಗ್ಲಿ ಬುಡವ್ವ, ಕೂಸು ಬರ್ಲಿ" ಅಂದ್ರು. ಮೊನ್ನೆ ಭಾನುವಾರ ಕಿಟಕಿ ಹತ್ರ ಈ ತಿಂಗಳ ಫೋಟೊ ತೆಗೆದಿಟ್ಟೆ.